ಬಲಗಡೆ ಬಿದ್ದ ಹೂವು

ಅಳತೆ ರವಿಕೆಯಷ್ಟು ಸುಳ್ಳು ಹೇಳುವ ಬಟ್ಟೆ ಇನ್ನೊಂದಿಲ್ಲ. ನಮ್ಮ ಕಡೆ ರವಿಕೆ ಹೊಲಿಸುವ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಮನೆಯಿಂದ ಒಂದು ಹಳೇ ರವಿಕೆ ತಂದು, 'ಇದರ ಥರಾನೇ ಹೊಲ್ಕೊಡಕ್ಕ' ಅಂತ ಇಟ್ಟು ಹೋಗುತ್ತಾರೆ. ಆ ರವಿಕೆ ಮೈಗೆ ಸರಿಯಾಗಿ ಕೂರುತ್ತಿದ್ದ ಕಾಲಕ್ಕೂ ಈಗಿನ ಕಾಲಕ್ಕೂ ನಡುವೆ ಎರಡು ಹೆರಿಗೆ ಆಗಿರುತ್ತವೆ. ಹೊಸದು ಬಿಗಿಯಾದರೆ ಬೈಸಿಕೊಳ್ಳುವವಳು ನಾನು. ಅವತ್ತು ಬೆಳಿಗ್ಗೆಯೂ ಜಗುಲಿಯಲ್ಲಿ ಕೂತು ಅಂಥದ್ದೇ ಒಂದು ರವಿಕೆಯ ಕಂಕುಳ ಹೊಲಿಗೆ ಬಿಚ್ಚುತ್ತಾ, ಅದರ ಒಡತಿಯನ್ನು ಮನಸ್ಸಿನಲ್ಲೇ ಬೈಯುತ್ತಾ ಇದ್ದೆ. ಆಗ ಫೋನು ಬಂತು. ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದ ಗಾರ್ಮೆಂಟ್ಸಿನಿಂದ.

ಮಾತಾಡಿದವರು ಅಲ್ಲಿನ ಎಚ್.ಆರ್. ಅಧಿಕಾರಿ. ಉತ್ತರ ಭಾರತದ ಕಡೆಯವರು, ಕನ್ನಡವನ್ನು ಆಸೆಪಟ್ಟು ಕಲಿತವರು. ಅದಕ್ಕೇ ಅವರ ಕನ್ನಡ ನಮ್ಮದಕ್ಕಿಂತ ಶುದ್ಧ.

"ಅಮ್ಮಾ, ಸ್ಯಾಂಪಲ್ ಸೆಕ್ಷನ್ ಪುನಃ ಆರಂಭ ಆಗುತ್ತಿದೆ. ನೀವು ವಾಪಸ್ ಬರುತ್ತೀರಾ?"

"ಯೋಚನೆ ಮಾಡಿ ಹೇಳ್ತೀನಿ ಸಾರ್," ಅಂದು ಫೋನಿಟ್ಟೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಹೊರಗೆ ಹಾಕಿದವರೇ ಬಾ ಅಂತ ಕರೆದರೆ ಯಾರಿಗೆ ಖುಷಿಯಾಗಲ್ಲ? ಮಧ್ಯಾಹ್ನದವರೆಗೂ ಯಾರ ಮೇಲೂ ರೇಗಲಿಲ್ಲ. ನಮ್ಮನೆಯಲ್ಲಿ ಅದು ದೊಡ್ಡ ಸುದ್ದಿ.

ನಮ್ಮೂರು ದೊಡ್ಡಬೆಳವಂಗಲದ ಹತ್ತಿರ. ಅಲ್ಲಿಂದ ಎಷ್ಟೋ ವರ್ಷ ನಾನು ದೊಡ್ಡಬಳ್ಳಾಪುರದ ಆ ಗಾರ್ಮೆಂಟ್ಸಿಗೆ ಕಂಪನಿಯ ಟೆಂಪೋದಲ್ಲಿ ಹೋಗಿಬಂದೆ. ಸೇರಿದಾಗ ಲೈನಿನಲ್ಲಿದ್ದೆ. ಲೈನು ಅಂದರೆ ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ಜೇಬು ಮಾತ್ರ. ಇಡೀ ಷರ್ಟು ಯಾರ ಕೈಗೂ ಸಿಗುವುದಿಲ್ಲ. ಆಮೇಲೆ ನನ್ನನ್ನು ಸ್ಯಾಂಪಲ್ ಟೈಲರ್ ಮಾಡಿದರು. ಹೊಸ ಆರ್ಡರ್ ಬಂದಾಗ ಮೊಟ್ಟಮೊದಲ ಷರ್ಟನ್ನು ಕಾಲರಿನಿಂದ ಕೆಳಗಿನ ಮಡಿಕೆಯವರೆಗೆ ಒಬ್ಬಳೇ ಹೊಲಿಯಬೇಕು. ಅದನ್ನು ಹೊರದೇಶಕ್ಕೆ ಕಳಿಸಿ, ಅಲ್ಲಿಯವರು ಒಪ್ಪಿದ ಮೇಲೆ ಉಳಿದ ಸಾವಿರಾರು ಷರ್ಟು. ಹೆಸರು ಹೇಳಲು ನಾಲಿಗೆ ಹೊರಳದ ಊರುಗಳಲ್ಲಿ ಯಾರ್ಯಾರೋ ಗಂಡಸರು ಹಾಕಿಕೊಂಡು ಓಡಾಡುವ ಷರ್ಟಿನ ತಾಯಿ ನನ್ನ ಕೈಯಲ್ಲಿ ಹುಟ್ಟಿದ್ದು. ನನಗೆ ಅದರ ಜಂಬ ಇತ್ತು, ಈಗಲೂ ಇದೆ.

ಕೆಲಸದಿಂದ ತೆಗೆದದ್ದು ಆಯುಧಪೂಜೆ ಮುಗಿದ ವಾರದಲ್ಲಿ. ಮೆಷಿನ್ನಿಗೆ ಇಟ್ಟ ಕುಂಕುಮ ಇನ್ನೂ ಅಳಿಸಿರಲಿಲ್ಲ. ಸ್ಯಾಂಪಲ್ ಸೆಕ್ಷನ್ನಿನ ನಮ್ಮನ್ನೆಲ್ಲ ಕ್ಯಾಂಟೀನಿಗೆ ಕರೆದು ಕೂರಿಸಿ, ಆರ್ಡರ್ ಇಲ್ಲ, ನಾಳೆಯಿಂದ ಬರೋದು ಬೇಡ ಅಂದರು. 'ನಿಮ್ಮ ತಪ್ಪೇನೂ ಇಲ್ಲ' ಅಂತ ಮೇಲಿಂದ ಮೇಲೆ ಹೇಳಿದರು. ನನಗೆ ಉರಿದದ್ದು ಆ ಮಾತಿಗೇ. ತಪ್ಪಿದ್ದಿದ್ದರೆ ಬಿಚ್ಚಿ ಹೊಲಿಯಬಹುದಿತ್ತು. ತಪ್ಪೇ ಇಲ್ಲ ಅಂದರೆ ಏನನ್ನು ಬಿಚ್ಚುವುದು?

ಆಮೇಲಿನ ಒಂದು ತಿಂಗಳು ನಾನು ನಾನಾಗಿರಲಿಲ್ಲ. ಅಭ್ಯಾಸಬಲದಿಂದ ಕೋಳಿ ಕೂಗುವ ಮೊದಲೇ ಎದ್ದು ಸಾರು ಮಾಡಿ, ಮುದ್ದೆ ಕಟ್ಟಿ, ಆಮೇಲೆ ಏನು ಮಾಡಬೇಕು ಅಂತ ತಿಳಿಯದೆ ಬಾಗಿಲಲ್ಲಿ ಕೂತಿರುತ್ತಿದ್ದೆ. ಟೆಂಪೋ ಹಾರನ್ ಕೇಳಿದರೆ ಒಳಗೆ ಹೋಗುತ್ತಿದ್ದೆ. ಒಂದು ದಿನ ಊಟದ ಡಬ್ಬಿ ಕಟ್ಟಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿಯೇಬಿಟ್ಟಿದ್ದೆ. ಅತ್ತೆ ಅಂಗಳ ಗುಡಿಸುತ್ತಿದ್ದರು. ಪೊರಕೆ ಬಿಟ್ಟು ಬಂದು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಳಗೆ ಹೋಗಿ ತಟ್ಟೆಗೆ ಹಾಕಿ, "ಉಣ್ಣು" ಅಂದರು. ಬೆಳಗಾಗೆದ್ದು ಯಾರು ಉಣ್ಣುತ್ತಾರೆ? ಆದರೂ ಉಂಡೆ.

ಹೊಲಿಗೆ ಮೆಷಿನ್ನನ್ನು ಅಟ್ಟದಿಂದ ಇಳಿಸಿ ಜಗುಲಿಗೆ ಹಾಕಿಸಿದವರೂ ಅತ್ತೆಯೇ. ಊರಲ್ಲಿ ಪ್ರಚಾರವೂ ಅವರದೇ. 'ನಮ್ಮ ಸೊಸೆ ಫಾರಿನ್ನೋರಿಗೆ ಹೊಲ್ದೋಳು, ನಿನ್ ರವಿಕೆ ಯಾವ ಲೆಕ್ಕ' ಅಂತ ನಲ್ಲಿ ಹತ್ತಿರ ಹೇಳಿಕೊಂಡು ಬರುತ್ತಿದ್ದರು. ಮೊದಲು ಬಂದವರು ನನ್ನ ಮೇಲಿನ ಕನಿಕರಕ್ಕೆ ಬಂದರು. ಆಮೇಲೆ ಕೆಲಸ ನೋಡಿ ಬಂದರು. ಈಗ ರವಿಕೆ, ಸೀರೆಗೆ ಫಾಲ್ಸು, ಸ್ಕೂಲ್ ಪ್ಯಾಂಟಿಗೆ ಜಿಪ್ಪು. ಮನೆ ನಡೆಯುತ್ತಿತ್ತು. ಆದರೆ ಷರ್ಟಿನ ಕಾಲರ್ ಕೂರಿಸಿ ಮಗುಚಿದಾಗ ಅದರ ಎರಡು ಮೂಲೆ ಒಂದೇ ಥರ ಚೂಪಾಗಿ ಬರುತ್ತದಲ್ಲ, ಆ ಸುಖ ಜಿಪ್ಪು ಹಾಕುವುದರಲ್ಲಿ ಇಲ್ಲ. ಫೋನು ಬಂದ ದಿನ ಅದು ತುಂಬ ನೆನಪಾಯಿತು.

ಸಂಜೆ ವಿಷಯ ಹೇಳಿದೆ. ನಮ್ಮನೆಯವರು ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದರು.

"ಗಾಳಿ ಬಂದಾಗ ತೂರ್ಕೋಬೇಕು ಕಣೇ. ಪಿ.ಎಫ್. ಇರುತ್ತೆ, ಇ.ಎಸ್.ಐ. ಇರುತ್ತೆ. ಈ ಜಿಪ್ಪು ಹಾಕ್ಕೊಂಡು ಎಷ್ಟು ದಿನ?"

"ಮತ್ತೆ ಹಂಗೇ ತೆಗೆದುಹಾಕಿದ್ರೆ?"

"ಹಾಕಲ್ಲ ಬಿಡು. ಕರೀತಾವ್ರೆ ಅಂದ್ರೆ ಬೇಕು ಅಂತಾನೇ." ಕ್ಯಾನು ಬೋರಲು ಹಾಕುತ್ತಾ ಸೇರಿಸಿದರು, "ನೋಡು, ನಿನ್ನಿಷ್ಟ."

ನಮ್ಮನೆಯವರು 'ನಿನ್ನಿಷ್ಟ' ಅಂದರೆ, ಅವರ ಇಷ್ಟ ಯಾವುದೋ ಅದೇ ಆಗಬೇಕು ಅಂತ ಅರ್ಥ. ಮದುವೆಯಾದ ಹೊಸದರಲ್ಲಿ ಇದು ಗೊತ್ತಾಗದೆ ಎಷ್ಟೋ ಸಲ ನನ್ನಿಷ್ಟದಂತೆ ನಡೆದು ವಾರಗಟ್ಟಲೆ ಮುನಿಸು ನೋಡಿದ್ದೇನೆ.

ಮೂರು ನಾಲ್ಕು ದಿನ ತಲೆ ಗಿರಣಿಯಂತೆ ತಿರುಗಿತು. ಸಂಬಳ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೆಲಸವೂ ನನಗೆ ಇಷ್ಟದ್ದೇ. ಆದರೆ ಹೋದರೆ ಆ ಕ್ಯಾಂಟೀನಿನ ಮುಂದೆ ದಿನಾ ಓಡಾಡಬೇಕು. ಇನ್ನೊಂದು ಸಲ ಅಲ್ಲಿ ಕೂರಿಸಿ 'ನಿಮ್ಮ ತಪ್ಪೇನೂ ಇಲ್ಲ' ಅಂದರೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಹೆದರಿಕೆ ಅನ್ನುತ್ತಾರೆ. ಹೆದರಿಕೆಯೇ ಅದು. ತೋಳಿಗೆ ಹಾಕಬೇಕಾದ ಪಟ್ಟಿಯನ್ನು ಕತ್ತಿಗೆ ಹಾಕಿ ಹೊಲಿದಾಗ ಅತ್ತೆ ನೋಡಿದರು.

"ನಿನ್ ತಲೇಲಿ ಏನೂ ಬಗೆಹರಿಯಲ್ಲ. ಮಂಗಳವಾರ ಊರಮ್ಮನ ಹತ್ರ ಹೂ ಕೇಳೋಣ," ಅಂದರು.

ಹೂ ಕೇಳುವುದು ನಮ್ಮಲ್ಲಿ ಕೊನೇ ಕೋರ್ಟು. ಹೆಣ್ಣು ಕೊಡುವುದೋ ಬೇಡವೋ, ಬೋರು ಕೊರೆಸುವುದೋ ಬೇಡವೋ, ಎಲ್ಲ ಅಲ್ಲೇ ತೀರ್ಮಾನ. ಪೂಜಾರಿ ನೀರಲ್ಲಿ ಅದ್ದಿದ ಹೂವುಗಳನ್ನು ಅಮ್ಮನ ಮೈಮೇಲೆ ಅಲ್ಲಲ್ಲಿ ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಂತರೆ, ಯಾವುದಾದರೂ ಒಂದು ಜಾರಿ ಬೀಳುತ್ತದೆ. ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ.

ಮಂಗಳವಾರ ನಾವು ಮೂವರೂ ಸ್ನಾನ ಮಾಡಿ ಹೋದೆವು. ಪೂಜಾರಿ ಹೂ ಅಂಟಿಸಿ, "ಕೇಳ್ಕೊಳ್ಳಿ" ಅಂದರು. ಅತ್ತೆ ಕಣ್ಣು ಮುಚ್ಚಿ ತುಟಿ ಕುಣಿಸುತ್ತಿದ್ದರು. ನಮ್ಮನೆಯವರೂ ಕಣ್ಣು ಮುಚ್ಚಿದ್ದರು. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ನಿಂತಿದ್ದೆ. ಹೂ ಬೀಳಲೇ ಇಲ್ಲ. ಕಾಲು ನೋಯತೊಡಗಿತು. ಪೂಜಾರಿಗೆ ತೋಟದಲ್ಲಿ ಮೋಟರು ಹಾಕುವ ಆತುರ.

"ಅಮ್ಮ ಯಾಕೋ ಬಾಳ ಯೋಚನೆ ಮಾಡ್ತಾವ್ಳೆ," ಅಂತ ಗೊಣಗಿದರು.

ಅಷ್ಟರಲ್ಲಿ ಬಲಭುಜದ ಮೇಲಿದ್ದ ಸೇವಂತಿಗೆ ಮೆಲ್ಲಗೆ ಅಲುಗಿ, ಜಾರಿ, ಪೀಠದ ಮೇಲೆ ಬಿತ್ತು.

"ಬಲಗಡೆ!" ಅಂದರು ನಮ್ಮನೆಯವರು. "ನೋಡ್ದಾ? ಹೋಗು ಅಂದ್ಲು."

"ಎಲ್ಲೋ ಹೋಗು ಅಂದ್ಲು?" ಅತ್ತೆ ತಿರುಗಿ ನಿಂತರು. "ನಾನು ಕೇಳಿದ್ದು, ಇವಳು ಮನೇಲೇ ಇರ್ಲಿ ಅನ್ನೋದಾದ್ರೆ ಬಲಗಡೆ ಕೊಡವ್ವ ಅಂತ. ಕೊಟ್ಲು."

"ಅಯ್ಯೋ, ನಾನು ಕೇಳಿದ್ದು ಹೋಗ್ಲಿ ಅನ್ನೋದಾದ್ರೆ ಬಲಗಡೆ ಅಂತ ಕಣವ್ವ!"

"ನಿನ್ನ ಯಾರು ಕೇಳು ಅಂದ್ರು? ಕರ್ಕೊಂಡು ಬಂದೋಳು ನಾನು."

ಗರ್ಭಗುಡಿಯ ಮುಂದೆಯೇ ತಾಯಿ ಮಗನ ಜಗಳ ಶುರುವಾಯಿತು. ಪೂಜಾರಿ ತಲೆ ಚಚ್ಚಿಕೊಂಡರು. "ಮನೇಲೇ ಮಾತಾಡ್ಕೊಂಡು ಬರೋದಲ್ವಾ? ಒಂದು ಹೂವಿಗೆ ಎರಡು ಪ್ರಶ್ನೆ ಕೇಳಿದ್ರೆ ಅವಳು ತಾನೇ ಏನ್ ಮಾಡ್ತಾಳೆ?" ಆಮೇಲೆ ನನ್ನ ಕಡೆ ತಿರುಗಿದರು. "ಕೆಲಸ ನಿಂದು ತಾನೇ? ನೀನೇನು ಕೇಳ್ದೆ ತಾಯಿ?"

ಮೂವರೂ ನನ್ನನ್ನೇ ನೋಡಿದರು. ನಾನು ಕೇಳಿರಲೇ ಇಲ್ಲ. ಅಷ್ಟು ಹೊತ್ತೂ ಎಡಭುಜದ ಮೇಲಿದ್ದ ಹೂವೊಂದನ್ನೇ ನೋಡುತ್ತಾ, 'ಬೀಳು, ಬೀಳು' ಅಂದುಕೊಳ್ಳುತ್ತಾ ನಿಂತಿದ್ದೆ. ಬಲಗಡೆಯದು ಬಿದ್ದಾಗ 'ಮುಗೀತು' ಅಂದುಕೊಂಡೆ. ಅತ್ತೆ ತಾವು ಕೇಳಿದ್ದು ಬೇರೆ ಅಂದಾಗ, ಅವರ ಕಾಲಿಗೆ ಬೀಳೋಣ ಅನ್ನಿಸಿತು.

"ನಂಗೆ ಹೋಗಕ್ಕೆ ಇಷ್ಟ ಇಲ್ಲ," ಅಂದೆ. ಧ್ವನಿ ಜೋರಾಗಿಯೇ ಬಂತು.

"ಇಷ್ಟ ಇಲ್ಲ ಅಂತ ಗೊತ್ತಿದ್ಮೇಲೆ ಅಮ್ಮನ್ನ ಯಾಕಮ್ಮ ಕಾಯಿಸ್ದೆ?" ಅಂದರು ಪೂಜಾರಿ. ಹೂವನ್ನು ನನ್ನ ಕೈಗೆ ಹಾಕಿ, ಮೋಟರು ಹಾಕಲು ಹೊರಟೇಬಿಟ್ಟರು.

ಗುಡಿಯ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತೆ. ನಾನು ಗಾರ್ಮೆಂಟ್ಸಿಗೆ ಸೇರಿದ ದಿನದಿಂದ ಅದನ್ನು ಬೈದುಕೊಂಡೇ ಬಂದವರು ಅವರು. ಸೊಸೆ ಮನೆಯಲ್ಲಿದ್ದರೆ ತಮಗೆ ಆಸರೆ ಅಂತ ಬೇಡ ಅಂದಿರಬೇಕು ಅಂದುಕೊಂಡು, ಸುಮ್ಮನೆ ಕೆಣಕಿದೆ.

"ನಿಮ್ಗೆ ಕಾಲೊತ್ತೋರು ಬೇಕು ಅಂತ ತಾನೇ ಅತ್ತೆ?"

ಅವರು ನಗಲಿಲ್ಲ. "ಆ ತಿಂಗಳು ನಿನ್ ಮುಖ ನೋಡಿದೀನಿ ಕಣವ್ವ. ಇನ್ನೊಂದ್ಸಲ ನೋಡಕ್ಕೆ ನನ್ ಕೈಲಾಗಲ್ಲ," ಅಂದರು. ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಯಾರ ಹತ್ತಿರವೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಹೆದರಿಕೆ ಅವರಿಗೂ ಇತ್ತು. ನನಗೆ ಅಳು ಬಂತು. ಅತ್ತೆಯ ಮುಂದೆ ಅತ್ತದ್ದು ಅದೇ ಮೊದಲು. ಸಮಾಧಾನದ ಅಳು, ಬೇಗ ನಿಂತಿತು.

ನಮ್ಮನೆಯವರು ಸ್ವಲ್ಪ ದೂರದಲ್ಲಿ ಚಪ್ಪಲಿ ಹುಡುಕುವವರಂತೆ ನಿಂತಿದ್ದರು. ಆಮೇಲೆ ಹತ್ತಿರ ಬಂದು, "ಬೇಡ ಅಂದ್ರೆ ಬೇಡ ಬಿಡು. ಜಗುಲಿಗೆ ಒಂದು ದೊಡ್ಡ ಲೈಟ್ ಹಾಕಿಸ್ಬೇಕು, ಸಂಜೆ ಆದ್ರೆ ಸೂಜಿ ಕಾಣಲ್ಲ ಅಂತಿದ್ದಲ್ಲ," ಅಂದರು. ಈ ಸಲ 'ನಿನ್ನಿಷ್ಟ' ಅನ್ನಲಿಲ್ಲ. ಅವರಿಂದ ಅಷ್ಟು ಸಾಕು.

ಬರಲ್ಲ ಅಂತ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವರು ತೆಗೆಯುವಾಗ ಎದುರಿಗೆ ಕೂರಿಸಿಕೊಂಡು ಹೇಳಿದ್ದರು, ನಾನೂ ಎದುರಿಗೇ ಹೇಳಬೇಕು ಅನ್ನಿಸಿತು. ಮರುದಿನ ಒಳ್ಳೇ ಸೀರೆ ಉಟ್ಟು, ಟೆಂಪೋ ಹತ್ತದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದೊಡ್ಡಬಳ್ಳಾಪುರಕ್ಕೆ ಹೋದೆ.

ಅಧಿಕಾರಿ ನನ್ನನ್ನು ನೋಡಿ ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಸ್ಯಾಂಪಲ್ ಸೆಕ್ಷನ್ನಿಗೆ ಕರೆದುಕೊಂಡು ಹೋದರು. ಕಿಟಕಿ ಹತ್ತಿರ ನನ್ನ ಮೆಷಿನ್ನು ಪ್ಲಾಸ್ಟಿಕ್ ಹೊದ್ದುಕೊಂಡು ಹಾಗೇ ಇತ್ತು. ಹೊದಿಕೆ ತೆಗೆದರು. ಸ್ಟೂಲಿನ ಮೇಲೆ ಕೂತೆ. ಕೂರಬಾರದಿತ್ತು. ಕಾಲು ತಾನಾಗಿಯೇ ಪೆಡಲ್ ಹುಡುಕಿಕೊಂಡಿತು. ಎಣ್ಣೆ ಮತ್ತು ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದು, ಒಂದು ಗಳಿಗೆ ಎಲ್ಲ ಮರೆತು 'ಆಯ್ತು ಸಾರ್' ಅಂದುಬಿಡುತ್ತಿದ್ದೆನೇನೋ. ಗೋಡೆಯಾಚೆ ಕ್ಯಾಂಟೀನಿನಲ್ಲಿ ಯಾರೋ ಬೆಂಚು ಎಳೆದ ಸದ್ದಾಯಿತು. ಅಷ್ಟಕ್ಕೇ ಎದ್ದು ನಿಂತೆ.

"ನಾನು ಬರಲ್ಲ ಸಾರ್."

"ಏಕೆ? ಸಂಬಳ ಸಾಲದೇ?"

"ಅದಲ್ಲ ಸಾರ್. ಈಗ ಬೆಳಿಗ್ಗೆ ಎದ್ದಾಗ ಭಯ ಆಗಲ್ಲ. ಆ ನೆಮ್ಮದಿ ಬಿಡೋಕೆ ಮನಸಿಲ್ಲ."

ಅವರು ಮೆಷಿನ್ನಿಗೆ ಮತ್ತೆ ಪ್ಲಾಸ್ಟಿಕ್ ಹೊದಿಸಿದರು. ಒಳ್ಳೆಯವರು. ಒತ್ತಾಯ ಮಾಡಲಿಲ್ಲ, ಟೀ ತರಿಸಿಕೊಟ್ಟರು. ಕುಡಿದು, ಲೋಟ ಇಟ್ಟು, ಕೈಮುಗಿದೆ.

"ಸರಿ ಸಾರ್, ಬರ್ತೀನಿ."

ಅವರ ಮುಖವೆಲ್ಲ ನಗುವಾಯಿತು. "ಬರುತ್ತೀರಾ? ಬಹಳ ಸಂತೋಷ! ಯಾವಾಗಿನಿಂದ? ಸೋಮವಾರ?"

ಏನಾಯಿತು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಅದು ಅಪಶಕುನ, ಸಾಯುವವರ ಮಾತು. ಸಂತೆಗೆ ಹೊರಟವಳೂ ಬರ್ತೀನಿ ಅನ್ನುತ್ತಾಳೆ, ಸಾಲಗಾರನ ಮನೆಯಿಂದ ಜಗಳವಾಡಿ ಎದ್ದು ಬಂದವನೂ ಬರ್ತೀನಿ ಅಂತಲೇ ಅನ್ನುತ್ತಾನೆ. ಕೆಲಸದಿಂದ ತೆಗೆದ ಸಂಜೆ ಅಳುತ್ತಾ ಹೊರಟ ನಾವಷ್ಟೂ ಹೆಂಗಸರು ಗೇಟಿನ ಸೆಕ್ಯೂರಿಟಿಗೆ 'ಬರ್ತೀವಿ ಅಣ್ಣ' ಅಂತ ಹೇಳಿಯೇ ಬಂದಿದ್ದೆವು. ಆ ಮಾತು ನಮ್ಮ ಬಾಯಿಂದ ತಾನಾಗಿ ಬರುತ್ತದೆ. ಆದರೆ ಪಾಠ ಓದಿ ಕನ್ನಡ ಕಲಿತ ಮನುಷ್ಯನಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿರುತ್ತಾರೆ? ಅವರು ಸೋಮವಾರದ ಉತ್ತರಕ್ಕೆ ಕಾಯುತ್ತಾ ನಗುನಗುತ್ತಾ ನಿಂತಿದ್ದರು.

"ಇಲ್ಲ ಸಾರ್," ಅಂದೆ. ಇನ್ನೊಂದು ಮಾತು ಬಾಕಿ ಇತ್ತು. ಬುದ್ಧಿ ಬಂದಾಗಿನಿಂದ ಯಾವ ಮನೆಯ ಹೊಸ್ತಿಲಲ್ಲೂ ಆಡದ ಮಾತು ಅದು. ಅತ್ತೆ ಕೇಳಿಸಿಕೊಂಡಿದ್ದರೆ ಬಾಯಿ ಮೇಲೆ ಹೊಡೆಯುತ್ತಿದ್ದರು.

"ಹೋಗ್ತೀನಿ."

ಅವರಿಗೆ ಅರ್ಥವಾಯಿತು. "ಸರಿ ಅಮ್ಮ," ಅಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.