ಮನಿ ನರ್ಸೂ ಮಾತಾಡುವ ಬಂಗುಡೆಯೂ

ಮೊಮ್ಮಗಳು ಅಶ್ವಿನಿ ಕೆಲಸ ಮುಗಿಸಿ ಬಂದು ಹೆಲ್ಮೆಟ್ಟನ್ನು ಕಿಟಕಿಗೂ ಚೀಲವನ್ನು ಚಾವಡಿಯ ಗೂಟಕ್ಕೂ ಸಿಕ್ಕಿಸಿದಳು ನೋಡಿ, ಮೂಲೆಯಲ್ಲಿ ತೂಕಡಿಸುತ್ತಿದ್ದ ನನ್ನ ಮೂಗು ನನಗಿಂತ ಮೊದಲು ಎದ್ದು ಕೂತಿತು. ಒಣಮೀನು! ನನ್ನ ಕಣ್ಣು ಮಬ್ಬಾಗಿದೆ, ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ, ಮೂಗಿಗೆ ಮಾತ್ರ ಇನ್ನೂ ಹದಿನಾರು. ಈ ವಾಸನೆ ಈ ಹುಡುಗಿಯ ಬಟ್ಟೆಗೆ ಹತ್ತದಿರಲಿ ಎಂದು ಕೊಲ್ಲೂರಮ್ಮನಿಗೆ ಹರಕೆ ಹೊತ್ತವಳು ನಾನು. ಅಮ್ಮ ಹರಕೆ ತೆಗೆದುಕೊಂಡಳು, ವಾಸನೆಯನ್ನು ಇಲ್ಲೇ ಬಿಟ್ಟಳು.

"ಹೆಣೇ, ಎಂತ ಅದ್ ಚೀಲ್ದಗೆ?"

"ನಿಂಗೇ ಕೊಟ್ಟದ್, ಅಮ್ಮಮ್ಮ. ತಕೋ." ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು ನನ್ನ ಮಡಿಲಿಗೆ ಹಾಕಿದಳು.

"ಕೊಟ್ಟದ್ ಯಾರ್?"

"ಅದ್ ಹೇಳುಕಾಗ."

ಹೇಳುಕಾಗ! ಹೇಳಬಾರದು ಎಂಬ ಈ ಮಾತು ನಮ್ಮ ಮನೆಗೆ ಬಂದದ್ದೇ ಇವಳ ಕೆಲಸದ ಜೊತೆಯಲ್ಲಿ. ಮೊದಲು ನಮ್ಮಲ್ಲಿ ಅಂಥದ್ದೊಂದು ಇರಲೇ ಇಲ್ಲ. ನಾನು ಕೋಡಿಯವಳು, ಕುಂದಾಪುರದಿಂದ ಬಸ್ಸು ಹತ್ತಿ ಸಿದ್ದಾಪುರದ ಬದಿಗೆ ಹೋಗಿ ಮನೆಮನೆಗೆ ಮೀನು ಮಾರಿದವಳು. ಮೀನು ಮಾರುವವಳ ಬುಟ್ಟಿಯಲ್ಲಿ ಮೇಲೆ ಮೀನು, ಅಡಿಯಲ್ಲಿ ಸುದ್ದಿ. ಮೀನಿಗೆ ಚೌಕಾಸಿ ಉಂಟು, ಸುದ್ದಿ ಪುಕ್ಕಟೆ. ಯಾರ ಮನೆಯಲ್ಲಿ ಹುಡುಗಿ ನೋಡಲು ಬಂದರು, ಯಾರ ಹಟ್ಟಿಯಲ್ಲಿ ದನ ಕರು ಹಾಕಿತು, ಯಾವ ಅತ್ತೆ ಯಾವ ಸೊಸೆಯ ಹತ್ತಿರ ಮಾತು ಬಿಟ್ಟಳು, ಎಲ್ಲ ನನ್ನ ಬುಟ್ಟಿಯಲ್ಲೇ ಸವಾರಿ ಮಾಡುತ್ತಿದ್ದವು. ನನ್ನ ಓದೂ ಅಷ್ಟೇ. ಶಾಲೆಗೆ ಮೂರನೇ ಕ್ಲಾಸಿನಲ್ಲಿ ನಮಸ್ಕಾರ ಹೇಳಿದೆ. ಮತ್ತೆ ಓದಿದ್ದೆಲ್ಲ ಮೀನು ಕಟ್ಟಿಕೊಡುವ ಹಳೆಯ ಪೇಪರು. ಯಾವ ಸುದ್ದಿಯನ್ನೂ ಪೂರ್ತಿ ಓದಿದವಳಲ್ಲ, ಬಂಗುಡೆ ಮೀನಿನ ಅಗಲದಷ್ಟು ಓದಿ ಉಳಿದದ್ದನ್ನು ನಾನೇ ತುಂಬಿಸಿಕೊಳ್ಳುತ್ತಿದ್ದೆ. ಈಗ ಇಷ್ಟುದ್ದ ಬರೆಯಲು ಕೂತಿದ್ದೇನಲ್ಲ, ನೀವೂ ಹಾಗೆಯೇ ಸುಧಾರಿಸಿಕೊಳ್ಳಬೇಕು.

ಇಂಥವಳ ಮನೆಯಲ್ಲಿ ಹುಟ್ಟಿತು ಈ ಬಾಯಿಬೀಗದ ಹುಡುಗಿ.

ಅವಳ ಕೆಲಸದ ಹೆಸರು ನನಗೆ ದಕ್ಕಿದ ಕಥೆಯೇ ಬೇರೆ. ನರ್ಸಿಂಗ್ ಓದುವಾಗ ಒಮ್ಮೆ ಫೋನು ಮಾಡಿದಳು. ನಾನು ಮೀನು ಮಾರ್ಕೆಟ್ಟಿನಲ್ಲಿ, ಒಂದು ಕಡೆ ಐಸು ಕುಟ್ಟುವ ಸದ್ದು, ಇನ್ನೊಂದು ಕಡೆ ಬಸ್ಸಿನ ಹಾರನ್ನು. "ಅಮ್ಮಮ್ಮ, ನಾನ್ ಮನಸಿನ್ ನರ್ಸ್ ಆತೆ" ಎಂದಳಂತೆ. ಹಾರನ್ನು ನಡುವಿನದ್ದನ್ನು ನುಂಗಿತು. ನನಗೆ ಕೇಳಿದ್ದು 'ಮನಿ ನರ್ಸ್'. ಹಾಸಿಗೆ ಹಿಡಿದವರ ಮನೆಯಲ್ಲೇ ಉಳಿದು ಮೀಯಿಸಿ ಉಣ್ಣಿಸಿ ಮಾಡುವ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರಲ್ಲ, ಹಾಗೆ ಎಂದುಕೊಂಡೆ. ಕೆಲಸದಲ್ಲಿ ಸಣ್ಣದು ದೊಡ್ಡದು ಎಂತದ್ದು? ಅವತ್ತಿನ ಬುಟ್ಟಿಯಲ್ಲಿ ಅದೇ ದೊಡ್ಡ ಸುದ್ದಿ. ಮೊಮ್ಮಗಳು ಪಾಸಾಗಿ ಊರಿಗೆ ಬರುವಷ್ಟರಲ್ಲಿ ಬ್ರಹ್ಮಾವರದ ಒಬ್ಬರು ಅತ್ತೆಯನ್ನು ಮೀಯಿಸಲಿಕ್ಕೆ ಇವಳನ್ನು ಗೊತ್ತು ಮಾಡಿ, ಬಿಸಿನೀರಿನ ಹಂಡೆಯನ್ನೂ ತೊಳೆಸಿ ಇಟ್ಟಿದ್ದರು!

"ಅಮ್ಮಮ್ಮ, ಮನಿ ಅಲ್ಲ, ಮನಸ್. ಮನಸ್ಸಿಗೆ ಕಾಯಿಲೆ ಬಂದವ್ರನ್ನ್ ಕಾಂಬುದ್."

"ಮಂಡೆ ಸಮ ಇಲ್ದವ್ರನ್ನಾ?" ನಾನು ಅವಳ ತೋಳು ತಿರುಗಿಸಿ ನೋಡಿದೆ. "ಹೊಡೂದಿಲ್ಯಾ ಅವ್ರ್?"

"ನೀ ಹೊಡ್ದಷ್ಟ್ ಯಾರೂ ಹೊಡೀಲಿಲ್ಲೆ, ಬಿಡ್" ಎಂದಳು. ಸಣ್ಣವಳಿರುವಾಗ ಲೆಕ್ಕ ತಪ್ಪಿದ್ದಕ್ಕೆ ಪೊರಕೆಯ ಹಿಡಿಕಡ್ಡಿ ಹಿಡಿದಿದ್ದೆ, ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಕೊನೆಗೆ ನೋಡಿದರೆ ನನ್ನ ಕಿವಿ ತಪ್ಪಿಯೂ ಸರಿಯಾಗಿತ್ತು. ಇವಳಿಗೆ ಆಸ್ಪತ್ರೆಯಲ್ಲಿ ಕೂರುವ ಕೆಲಸಕ್ಕಿಂತ ಊರೂರು ತಿರುಗುವುದೇ ಹೆಚ್ಚು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಸ್ಕೂಟರಿನಲ್ಲಿ ಹೋಗಿ, ಮನೆಯ ಜಗಲಿಯಲ್ಲಿ ಕೂತು, ಮಾತ್ರೆ ತಿಂದರಾ, ನಿದ್ದೆ ಬಂತಾ, ಕೈ ನಡುಗುತ್ತದಾ ಎಂದು ಕೇಳಿ ಬರುವುದು. ಮನೆಗೆ ಹೋಗಿ ಮನಸ್ಸು ನೋಡುವವಳು. ಮನಿ ನರ್ಸೇ ಅಲ್ಲವಾ? ಅಜ್ಜಿಯ ಬಾಯಲ್ಲಿ ಬಂದದ್ದು ಸುಳ್ಳಾಗಲಿಲ್ಲ.

ನನಗಿರುವ ಬೇಸರ ಒಂದೇ. ಬಿಳಿ ಡ್ರೆಸ್ಸು ಹಾಕುವುದಿಲ್ಲ. ನರ್ಸಿನ ಅಜ್ಜಿ ಎಂದು ನಾನು ಜಂಬ ಮಾಡುವುದಾದರೂ ಹೇಗೆ? ಸ್ಕೂಟರನ್ನೂ ಹೋಗಬೇಕಾದ ಮನೆಯ ಎದುರು ನಿಲ್ಲಿಸುವುದಿಲ್ಲ, ದೂರದ ಅಂಗಡಿಯ ಹತ್ತಿರ ಬಿಟ್ಟು ನಡೆದು ಹೋಗುತ್ತಾಳೆ. ಚೀಲದಿಂದ ಬಸಳೆ ಸೊಪ್ಪು ಇಣುಕುವಂತೆ ಇಟ್ಟಿರುತ್ತಾಳೆ. ನೋಡಿದವರು ನೆಂಟರ ಹುಡುಗಿ ಎನ್ನಬೇಕು, ಅಷ್ಟೇ. "ಮಂಡೆ ನರ್ಸ್ ಬಂದ್ಳ್ ಅಂದ್ರೆ ಆ ಮನಿಯವ್ರಿಗೆ ನಾಳೆ ಬಾವಿಕಟ್ಟೆಗೆ ಹೋಪುಕಾತ್ತಾ ಅಮ್ಮಮ್ಮ?" ಎಂದು ನನ್ನನ್ನೇ ಕೇಳುತ್ತಾಳೆ. ಬಾವಿಕಟ್ಟೆಯ ಸುದ್ದಿಯನ್ನು ಹೊತ್ತು ಮಾರಿದವಳನ್ನೇ!

ನಾನೂ ಸುಮ್ಮನೆ ಬಿಟ್ಟವಳಲ್ಲ. ಗಾಳ ಹಾಕುತ್ತೇನೆ. "ಆ ಕೋಟದವ್ಳ್ ಈಗ ಹ್ಯಾಂಗಿತ್ತಂಬ್ರ್?" ಎಂದು ಎಲೆಅಡಿಕೆ ಜಗಿಯುತ್ತಾ ಎತ್ತಲೋ ನೋಡಿ ಕೇಳುವುದು. "ಯಾವ ಕೋಟದವ್ಳ್? ನಂಗೊತ್ತಿಲ್ಲೆ" ಎನ್ನುವುದು ಅವಳು. ಮೀನು ಗಾಳ ಮೂಸಿ ಹೋಗುತ್ತದೆ. ಸಿಗುವುದು ಅವಳು ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳುವ ಒಂದು ಬದಿಯ ಮಾತು ಮಾತ್ರ. "ಮಂತ್ರಿಸಿದ್ ನೂಲ್ ಕೈಯಗೆ ಇರ್ಲಿ ಅಕ್ಕ, ಮಾತ್ರೆ ಹೊಟ್ಟೆಯಗೆ ಹೋಗ್ಲಿ. ಎರಡಕ್ಕೂ ಜಗಳ ಇಲ್ಲೆ." ಇನ್ನೊಂದು ದಿನ, "ಗುಣ ಆಯ್ತಂದ್ ಮಾತ್ರೆ ನಿಲ್ಸುದಾ? ಮಳೆ ನಿಂತಂದ್ ಮಾಡಿನ್ ಹಂಚ್ ತೆಗೀತ್ರಾ?" ಆಚೆಯವರು ಯಾರು? ಹೇಳುಕಾಗ.

ಇಷ್ಟೆಲ್ಲ ಹೇಳುತ್ತಾ ನಾನು ಆ ಕಟ್ಟನ್ನು ಇನ್ನೂ ಬಿಚ್ಚಿಲ್ಲ ನೋಡಿ. ಬಿಚ್ಚುವ ಮೊದಲು ಗುಲಾಬಿಯನ್ನು ನಿಮಗೆ ಪರಿಚಯ ಮಾಡಿಸಬೇಕು.

ಗುಲಾಬಿ ನನ್ನ ಜೋಡಿ. ಒಂದೇ ಬಸ್ಸು, ಒಂದೇ ಸೀಟು, ಕಂಡಕ್ಟರನ ಬೈಗುಳದಲ್ಲೂ ಅರ್ಧರ್ಧ ಪಾಲು. ಸಿದ್ದಾಪುರದಲ್ಲಿ ಇಳಿದು ಅವಳು ಮೇಲಿನ ದಾರಿ, ನಾನು ಕೆಳಗಿನ ದಾರಿ. ಅವಳ ಬುಟ್ಟಿ ಯಾವಾಗಲೂ ನನಗಿಂತ ಮೊದಲು ಖಾಲಿ. ಯಾಕೆಂದರೆ ಅವಳ ಮೀನು ಮಾತಾಡುತ್ತಿತ್ತು! ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಂಗುಡೆಯ ಗಂಟಲ ಹತ್ತಿರ ಬೆರಳಿಟ್ಟು ಬಾಯಿ ತೆರೆಸುವಳು, ಮುಚ್ಚಿಸುವಳು. ಸಣ್ಣ ಸ್ವರದಲ್ಲಿ, "ಅಮ್ಮಾ, ನನ್ನ್ ತಕಣಿ! ಈ ಹೆಂಗ್ಸ್ ನನ್ನ್ ಬೆಳಿಗ್ಗೆಯಿಂದ ಬಿಸಿಲಗೆ ತಿರ್ಗಿಸಿ ಕೊಲ್ತಿತ್ತ್!" ಮನೆಯ ಮಕ್ಕಳು ಬಿದ್ದು ಬಿದ್ದು ನಗುವರು, ಅಮ್ಮಂದಿರು ನಗುತ್ತಾ ತಟ್ಟೆ ತರುವರು. ಮೀನು ನಿನ್ನೆಯದೋ ಮೊನ್ನೆಯದೋ ಕೇಳುವ ನೆನಪು ಯಾರಿಗಿದೆ? ಒಣಗಿಸುವ ಮೀನಿಗೂ ಅವಳದ್ದೇ ಕ್ರಮ. ಉಪ್ಪು ಹಾಕಿ ಹರಡುವಾಗ ಪ್ರತಿ ಬಂಗುಡೆಯ ಬಾಯಿಗೆ ಹಿಡಿಕಡ್ಡಿಯ ಚೂರೊಂದು ಕೊಟ್ಟು ಅಗಲಿಸಿ ಇಡುವಳು. "ಒಳ್ಗೂ ಬಿಸ್ಲ್ ತಾಗ್ಕ್" ಎನ್ನುವಳು. ಒಣಗಿದ ಮೇಲೆ ಚಾಪೆ ತುಂಬ ಬಂಗುಡೆಗಳು ಹೋ ಎಂದು ನಗುತ್ತಾ ಮಲಗಿರುತ್ತಿದ್ದವು.

ಒಂದು ದಿನ ಬಸ್ಸಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಈ ಮೀನ್‌ಗಳ್ ನನ್ನ್ ಬೈತೊ ಮಾರಾಯ್ತಿ" ಎಂದಳು.

ನಾನು ನಕ್ಕೆ. "ಎಂತ ಅಂದ್ ಬೈತೊ?"

"ನೀ ಕಳ್ಳಿ ಅಂತೊ. ಎಲ್ಲರಿಗೂ ಹೇಳ್ತೊ ಅಂಬ್ರ್."

ನಾನು ಇನ್ನೂ ಜೋರಾಗಿ ನಕ್ಕೆ. ಮುಂದಿನ ಸೀಟಿನವರು ನಕ್ಕರು, ಕಂಡಕ್ಟರನೂ ನಕ್ಕ. ಮೀನು ಮಾತಾಡಿಸುವವಳು ಮೀನು ಮಾತಾಡಿತು ಎಂದರೆ ಯಾರು ತಾನೇ ನಗುವುದಿಲ್ಲ ಹೇಳಿ? ನಗದವಳು ಗುಲಾಬಿ ಒಬ್ಬಳೇ.

ಮತ್ತೆ ಅವಳು ಬುಟ್ಟಿ ಹೊರಲಿಲ್ಲ. ಮಗಳು ಬೈಂದೂರು ಬದಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರ ಕೇಳಿದ್ದಾಯಿತು, ನೂಲು ಕಟ್ಟಿಸಿದ್ದಾಯಿತು. ಗುಲಾಬಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹೋದೆ, ಮತ್ತೆ ಮತ್ತೆ ಹೋದೆ. ಬಾಗಿಲ ಆಚೆ ಅವಳ ಉಸಿರು ಕೇಳುತ್ತದೆ, ಮಾತಿಲ್ಲ. ನನಗೆ ಬೇಕಾದ್ದು ದೊಡ್ಡದೇನೂ ಅಲ್ಲ. ಅವಳು ಒಮ್ಮೆ ಬಾಗಿಲು ತೆಗೆದು ನನಗೆ ಬೈಯಬೇಕು, ಮೊದಲಿನ ಹಾಗೆ. ಅಷ್ಟೇ.

ಅಶ್ವಿನಿಗೆ ಕೆಲಸ ಸಿಕ್ಕಿದಾಗ ಮೊದಲು ಕೇಳಿದ್ದು ಅದನ್ನೇ. "ಹೆಣೇ, ಗುಲಾಬಿಯನ್ನ್ ಒಂದ್ ಸಲ ಕಂಡ್ಕಂಡ್ ಬಾ."

"ಅವ್ರ ಮನಿಯವ್ರ್ ಕರೀಲಿ, ಹೋತೆ. ಆದ್ರೆ ಕೇಣ್, ಹೋದ್ರೂ ಹೋದೆ ಅಂದ್ ನಿಂಗೆ ಹೇಳ್ತಿಲ್ಲೆ."

ನಾನು ಗುಲಾಬಿಯ ಮಗಳಿಗೆ ಫೋನು ಮಾಡಿ ವಿಷಯ ಹೇಳಿದೆ. ಅಲ್ಲಿಗೆ ನನ್ನ ಪಾಲಿಗೆ ಬಾಗಿಲು ಎರಡಾಯಿತು: ಒಂದು ಗುಲಾಬಿಯದು, ಇನ್ನೊಂದು ಮೊಮ್ಮಗಳ ಬಾಯಿ. ಮಳೆಗಾಲ ಹೋಯಿತು, ದೋಣಿಗಳು ಮತ್ತೆ ಕಡಲಿಗಿಳಿದವು. ಬೈಂದೂರು ಬದಿಗೆ ಹೋದದ್ದು ಅವಳ ರೈನ್‌ಕೋಟಿನ ಕೆಸರಿನಿಂದ ಗೊತ್ತಾಗುತ್ತದಾ ಎಂದು ಅದನ್ನೂ ಪರೀಕ್ಷೆ ಮಾಡಿದೆ. ಕೆಸರು ಎಲ್ಲ ಊರಲ್ಲೂ ಒಂದೇ ಬಣ್ಣ.

ಈಗ ಕಟ್ಟು ಬಿಚ್ಚಿದೆ.

ಪೇಪರಿನೊಳಗೆ ಬಂಗುಡೆಗಳು. ಒಂದೊಂದೂ ಬಾಯಿ ಅಗಲಿಸಿ ನನ್ನನ್ನೇ ನೋಡಿ ಹೋ ಎಂದು ನಗುತ್ತಿದ್ದವು. ಒಂದರ ಬಾಯಲ್ಲಿ ತೆಗೆಯಲು ಮರೆತ ಹಿಡಿಕಡ್ಡಿಯ ಚೂರು ಇನ್ನೂ ಹಾಗೆಯೇ ನಿಂತಿತ್ತು. ನಾನು ತಲೆ ಎತ್ತಿ ಅಶ್ವಿನಿಯನ್ನು ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು, ತುಟಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

"ನಾನ್ ಎಂತದೂ ಹೇಳಲಿಲ್ಲೆ, ಗೊತ್ತಾಯ್ತಲೆ?" ಎಂದಳು.

"ನೀ ಹೇಳ್ಲಿಲ್ಲೆ ಮಗಾ. ಬಂಗುಡೆ ಹೇಳ್ತ್."

ಮರುದಿನ ಅವಳು ಅತ್ತ ಹೋದದ್ದೇ ನಾನು ಇತ್ತ ಬೈಂದೂರಿನ ಬಸ್ಸು ಹತ್ತಿದೆ. ಮಗಳ ಮನೆಯ ಅಂಗಳದಲ್ಲಿ ಚಾಪೆ, ಚಾಪೆಯ ಪಕ್ಕ ಕಾಗೆ ಓಡಿಸುವ ಕೋಲು, ಕೋಲಿನ ಹಿಂದೆ ಗುಲಾಬಿ. ಸ್ವಲ್ಪ ದಪ್ಪ ಆಗಿದ್ದಾಳೆ, ನಡಿಗೆ ನಿಧಾನ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ, ಸುದ್ದಿ ಮಾರೂಕ್ ಬಂದ್ಯಾ?"

ಬೈದಳು! ನನಗೆ ಕಣ್ಣೀರೂ ನಗುವೂ ಒಟ್ಟಿಗೆ ಬಂದು ಮೂಗಿನಲ್ಲಿ ಗಲಾಟೆ ಎಬ್ಬಿಸಿದವು. ಪಕ್ಕದಲ್ಲಿ ಕೂತೆ. ಮಗಳು ಚಾ ಕೊಟ್ಟಳು. ಮಳೆ, ಮೀನಿನ ರೇಟು, ಬೆನ್ನುನೋವು ಎಲ್ಲ ಮಾತಾಡಿದೆವು. ಆಗ ಗುಲಾಬಿ ಚಾಪೆಯಿಂದ ಒಂದು ಬಂಗುಡೆ ಎತ್ತಿಕೊಂಡಳು. ಅದನ್ನು ಮೆಲ್ಲಗೆ ಕಿವಿಯ ಹತ್ತಿರ ಹಿಡಿದಳು. ಕಣ್ಣು ಮುಚ್ಚಿ ಕೇಳತೊಡಗಿದಳು. ನನ್ನ ಕೈಯ ಚಾ ಅಲ್ಲಿಯೇ ನಿಂತಿತು. ದೇವರೇ, ಮತ್ತೆ ಶುರುವಾಯಿತಾ? ಅಶ್ವಿನಿಗೆ ಫೋನು ಮಾಡಲಾ? ಮಗಳನ್ನು ಕೂಗಲಾ?

ಗುಲಾಬಿ ಕಣ್ಣು ತೆರೆದು ನನ್ನ ಮುಖ ನೋಡಿದಳು. ನೋಡಿ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಎಂತ, ಹೆದ್ರಿದ್ಯಾ? ಸತ್ತ್ ಮೀನ್ ಎಲ್ಲಾದ್ರೂ ಮಾತಾಡತ್ತಾ, ಪೆದ್ದಿ?"

ಇಷ್ಟು ವರ್ಷಗಳಲ್ಲಿ ನನ್ನನ್ನು ಎಷ್ಟೋ ಜನ ಪೆದ್ದಿ ಎಂದಿದ್ದಾರೆ. ಇಷ್ಟು ಸಿಹಿಯಾಗಿ ಯಾರೂ ಅಂದಿರಲಿಲ್ಲ. ನಗು ನಿಂತ ಮೇಲೆ ಅವಳು ಮೆಲ್ಲಗೆ, "ಮೀನಿನ್ ಸ್ವರ ಪೂರ್ತಿ ಹೋಯಿಲ್ಲೆ. ಒಂದೊಂದ್ ದಿನ ಬತ್ತ್. ಬಂದ್ರೆ ನಾನ್ ಅದ್ಕೆ, 'ನೀ ಕೂಕೋ, ನಂಗೆ ಕೆಲ್ಸ ಇತ್ತ್' ಅಂತೆ" ಎಂದಳು. ಅದನ್ನು ಹೇಳಿಕೊಟ್ಟದ್ದು ಯಾರು ಎಂದು ನಾನು ಕೇಳಲಿಲ್ಲ. ಕಾಣಿ, ನಾನು ಕೇಳಲಿಲ್ಲ!

ಹೊರಡುವಾಗ ನನಗೆ ತಡೆಯಲಾಗಲಿಲ್ಲ. "ಗುಲಾಬೀ, ಇದನ್ನೆಲ್ಲ ಬರೀಲಾ?" ಎಂದು ಕೇಳಿಯೇ ಬಿಟ್ಟೆ.

ಅವಳು ಯೋಚಿಸಿದಳು. "ಬರಿ. ನನ್ನ್ ಹೆಸ್ರ್ ಹಾಕ್ಬೇಡ, ಹೂವಿಂದ್ ಎಂತಾರೂ ಚಂದದ್ ಹೆಸ್ರ್ ಇಡ್. ಊರ್ ಬದ್ಲ್ ಮಾಡ್. ಬಂಗುಡಿ ಮಾತ್ರ ಬಂಗುಡಿಯೇ ಇರ್ಲಿ, ಅದ್ಕ್ ಮಾನ ಮರ್ಯಾದೆ ಹೋಪುದಿಲ್ಲೆ."

ಆದ್ದರಿಂದ ಓದುವವರೇ, ಗುಲಾಬಿ ಎಂಬವಳನ್ನು ಹುಡುಕಿಕೊಂಡು ಬೈಂದೂರು ಬದಿಗೆ ಹೋಗಬೇಡಿ. ಬಸ್ಸಿನ ದುಡ್ಡು ದಂಡ.

ಬರುವಾಗ ಬಸ್ಸಿನಲ್ಲಿ ಹಳೆಯ ಗಿರಾಕಿಯೊಬ್ಬರು ಸಿಕ್ಕಿದರು. "ಹ್ವಾಯ್, ಅಪರೂಪ! ನಿಮ್ಮ್ ಒಟ್ಟಿಗೆ ಬಪ್ಪು ಹೆಂಗ್ಸ್, ಮೀನ್ ಮಾತಾಡ್ಸುದ್, ಅವ್ಳ್ ಮಂಡೆ ಈಗ ಹ್ಯಾಂಗಿತ್ತಂಬ್ರ್?" ನನ್ನ ನಾಲಿಗೆಯ ತುದಿಯಲ್ಲಿ ಇಡೀ ಬುಟ್ಟಿ ಬಂದು ಕೂತಿತು. ನುಂಗಿದೆ. "ಮೀನ್ ಬಾರೀ ದುಬಾರಿ ಆಯ್ತಲ್ದಾ ಈ ಸಲ?" ಎಂದೆ. ಜೀವಮಾನದಲ್ಲಿ ಇಷ್ಟು ಭಾರ ಹೊತ್ತದ್ದಿಲ್ಲ. ಆದರೂ ಮನೆಗೆ ಬರುವಾಗ ಮೈ ಹಗುರ.

ಸಂಜೆ ಅಶ್ವಿನಿ ಬಂದು ಹೆಲ್ಮೆಟ್ಟು ಸಿಕ್ಕಿಸಿ, ಪಕ್ಕ ಕೂತು, ನನ್ನ ಕೈ ಹಿಡಿದು ಮೂಸಿದಳು.

"ಅಮ್ಮಮ್ಮ, ಎಲ್ಲಿಗ್ ಹೋಯಿದ್ದೆ? ಕೈಯೆಲ್ಲ ಒಣಮೀನ್ ವಾಸ್ನೆ."

ನಾನು ಗೋಡೆ ನೋಡಿದೆ.

"ಅದ್ ಹೇಳುಕಾಗ" ಎಂದೆ.