ಅಸಲು ತೋರಿಸಿ, ಜೆರಾಕ್ಸ್ ಕೊಡಿ

ಒರಿಜಿನಲ್ ಎಂಬ ಪದದ ಮೇಲೆ ನನಗಿದ್ದ ಮೋಹ ಹೋದ ತಿಂಗಳು ಬಿಟ್ಟುಹೋಯಿತು. ಬಿಡಿಸಿದ್ದು ವಿಡಿಯೊ ಗೇಮಿನ ಒಂದು ಡಿಸ್ಕ್. ನಡುನೆತ್ತಿ ಬೋಳಾದ ಗಂಡಸು ವಿಡಿಯೊ ಗೇಮಿನ ಮಾತಾಡುತ್ತಾನಲ್ಲ ಎಂದು ನೀವು ನಗಬಹುದು. ನಗಿ. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ, ಈಗ ನಗುವುದನ್ನೂ ಬಿಟ್ಟಿದ್ದಾಳೆ.

ಮೊದಲು ನನ್ನ ಜಂಬದ ಕತೆ ಹೇಳಿಬಿಡುತ್ತೇನೆ. ಹೆಬ್ಬಾಳದ ಕಚೇರಿಯೊಂದರಲ್ಲಿ ನನ್ನದು ದಾಖಲೆ ಪರಿಶೀಲಿಸುವ ಕೆಲಸ. ಜನ ಕಿಟಕಿಯ ಮುಂದೆ ಬಂದು ನಿಲ್ಲುತ್ತಾರೆ. ನಾನು ತಲೆಯೆತ್ತದೆ "ಅಸಲು ತೋರಿಸಿ, ಜೆರಾಕ್ಸ್ ಕೊಡಿ" ಎನ್ನುತ್ತೇನೆ. ಅವರು ಪ್ಲಾಸ್ಟಿಕ್ ಕವರಿನಿಂದ ಮೂಲಪತ್ರವನ್ನು ಎಳೆಗೂಸಿನ ಹಾಗೆ ಜೋಪಾನವಾಗಿ ಎತ್ತಿ ತೋರಿಸುತ್ತಾರೆ. ನಾನು ಅರೆಗಳಿಗೆ ಕಣ್ಣಾಡಿಸಿ, ಅದನ್ನು ಅವರಿಗೇ ಮರಳಿಸಿ, ಜೆರಾಕ್ಸಿಗೆ ಸೀಲು ಹೊಡೆದು ಫೈಲಿಗೆ ಸೇರಿಸುತ್ತೇನೆ. ಹದಿನೇಳು ವರ್ಷ ಇದನ್ನೇ ಮಾಡಿದವನಿಗೆ ನಕಲನ್ನು ಕಂಡರೆ ತಾತ್ಸಾರ ಬಾರದೆ ಇರುತ್ತದೆಯೇ? ಮನೆಯಲ್ಲೂ ಅದೇ ಚಾಳಿ. ನನ್ನ ಗೇಮ್ ಡಿಸ್ಕುಗಳೆಲ್ಲ ಒರಿಜಿನಲ್, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಮನೆಗೆ ಬಂದವರಿಗೆ "ಒಂದೂ ಪೈರೇಟೆಡ್ ಅಲ್ಲ" ಎಂದು ಹೇಳಿ ಅವರು ಮೆಚ್ಚಲಿ ಎಂದು ಕಾಯುತ್ತಿದ್ದೆ. ಅವರು ಕಾಫಿಗೆ ಕಾಯುತ್ತಿದ್ದರು.

ಈ ತಾತ್ಸಾರದಲ್ಲಿ ಸಿಂಹಪಾಲು ಸಲ್ಲುತ್ತಿದ್ದದ್ದು ನನ್ನ ಅಕ್ಕನ ಗಂಡ ಮುನಿರಾಜು ಭಾವನಿಗೆ. ಯಲಹಂಕದ ಪುಟ್ಟೇನಹಳ್ಳಿಯ ಹಳೇ ಮನೆತನದವರು, ಕಾರ್ಖಾನೆಯಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಸಂದಿದ್ದರೂ ಬೆರಳಲ್ಲೇ ಮುಟ್ಟಿ ಹೇಳಿಬಿಡುವ ಕೈ ಅವರದು. ನಾನು ಡಿಗ್ರಿ ಓದುತ್ತಿದ್ದಾಗ ಅವರ ಹತ್ತಿರ ಟಿವಿಗೆ ಜೋಡಿಸಿ ಆಡುವ ಒಂದು ಹಳೇ ಗೇಮ್ ಡಬ್ಬ ಇತ್ತು. ದುಬೈಯಿಂದ ಬಂದ ಯಾರೋ ಕೊಟ್ಟು ಹೋದದ್ದು. ಅದರ ಜೊತೆ ಬಂದಿದ್ದ ಒರಿಜಿನಲ್ ಡಿಸ್ಕ್ ಒಂದೇ ಒಂದು, ಗಾಲ್ಫ್ ಆಟದ್ದು. ಪುಟ್ಟೇನಹಳ್ಳಿಯಲ್ಲಿ ಗಾಲ್ಫ್ ಆಡುವುದಿರಲಿ, ಆ ಹೆಸರನ್ನು ಸರಿಯಾಗಿ ಹೇಳುವವರೂ ಇರಲಿಲ್ಲ. ಉಳಿದದ್ದೆಲ್ಲ ಯಶವಂತಪುರದ ಫುಟ್‌ಪಾತಿನ ಸರಕು. ಕವರಿನ ಮೇಲೆ ಕಾರು, ಒಳಗೆ ಕುಸ್ತಿ. "ಒಂದರಲ್ಲಿ ಹತ್ತು ಗೇಮ್" ಎಂದು ಬರೆದಿದ್ದರೆ ಹತ್ತೂ ಒಂದೇ ಆಟ, ಹಿನ್ನೆಲೆಯ ಬಣ್ಣ ಮಾತ್ರ ಬೇರೆ. ಮಾರುವವನನ್ನು ಕೇಳಿದರೆ "ಓಡ್ಲಿಲ್ಲ ಅಂದ್ರೆ ವಾಪಸ್ ತನ್ನಿ ಗುರು, ನಾನೆಲ್ಲಿಗ್ ಹೋಗ್ತೀನಿ" ಎನ್ನುತ್ತಿದ್ದ. ಮಾರನೆಯ ದಿನ ಅಲ್ಲಿ ಸೊಪ್ಪು ಮಾರುವವಳು ಕೂತಿರುತ್ತಿದ್ದಳು.

ಭಾವ ಪ್ರತಿ ಡಿಸ್ಕನ್ನೂ ಓಡಿಸಿ ನೋಡಿ, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ದುಂಡಗೆ ಷರಾ ಬರೆಯುತ್ತಿದ್ದರು. "ಓಡ್ತದೆ." "ಅರ್ಧ ಓಡ್ತದೆ." "ಬಿಸ್ಲಲ್ಲಿ ಓಡಲ್ಲ." ಯಾವ ಆಟ ಎಂದು ಬರೆಯುತ್ತಿರಲಿಲ್ಲ, ಅದು ಅವರಿಗೆ ಮುಖ್ಯವಲ್ಲ.

ಇಲ್ಲಿ ಸ್ವಲ್ಪ ಪಾಂಡಿತ್ಯ ಪ್ರದರ್ಶನ ಮಾಡುತ್ತೇನೆ, ಸಹಿಸಿಕೊಳ್ಳಿ. ಆ ಡಬ್ಬ ಮಾಡಿದ ಕಂಪನಿ ತನ್ನ ಡಿಸ್ಕಿನ ತಳಕ್ಕೆ ಕಪ್ಪು ಬಣ್ಣ ಕೊಟ್ಟಿತ್ತು. ಇದನ್ನು ನಕಲು ಮಾಡಲು ಸಾಧ್ಯವೇ ಇಲ್ಲ ಎಂದು ನಾವು ಬೆರಗಿನಿಂದ ಹೇಳಿಕೊಳ್ಳುತ್ತಿದ್ದೆವು. ಕಪ್ಪಿಗೂ ಕಾವಲಿಗೂ ಸಂಬಂಧವೇ ಇರಲಿಲ್ಲ, ಅದು ಬರೀ ಶೋಕಿ. ನಿಜವಾದ ಕಾವಲು ಇದ್ದದ್ದು ಡಿಸ್ಕಿನ ತೀರಾ ಒಳಗಿನ ಸುತ್ತಿನಲ್ಲಿ. ಅಲ್ಲಿನ ಗೆರೆ ಬೇಕೆಂದೇ ಒಂಚೂರು ಓಲಾಡುತ್ತಿತ್ತು. ಮನೆಯಲ್ಲಿ ಡಿಸ್ಕ್ ಬರೆಯುವ ಯಂತ್ರಗಳಿಗೆ ಆ ಓಲಾಟ ಬರುತ್ತಿರಲಿಲ್ಲ. ಡಬ್ಬ ಮೊದಲು ಅದನ್ನು ನೋಡಿ, ಅಸಲು ಎಂದು ಖಾತ್ರಿಯಾದ ಮೇಲೆ ಆಟ ಶುರುಮಾಡುತ್ತಿತ್ತು. ಇನ್ನೊಂದು ಕಂಪನಿ ನಕಲು ಮಾಡುವವರನ್ನು ತಡೆಯಲು, ಮಾಮೂಲಿ ಡಿಸ್ಕಿಗಿಂತ ಹೆಚ್ಚು ತುಂಬುವ ತನ್ನದೇ ಜಾತಿಯ ಡಿಸ್ಕ್ ಮಾಡಿತು. ನಕಲಿಯವರು ಆಟದೊಳಗಿನ ಹಾಡು, ವಿಡಿಯೊಗಳನ್ನೆಲ್ಲ ಕತ್ತರಿಸಿ ಎಸೆದು ಉಳಿದದ್ದನ್ನು ಮಾಮೂಲಿ ಡಿಸ್ಕಿಗೇ ತುರುಕಿದರು. ಆಡುವವರು ಹಾಡಿಗೆ ಕಾದು ಕೂತಿರಲಿಲ್ಲ.

ಒಳಸುತ್ತಿನ ಕಾವಲಿಗೆ ನಮ್ಮ ಭಾವನ ಉಪಾಯ ಇನ್ನೂ ಸರಳ. ಮುಚ್ಚಳ ತೆರೆದಿದೆ ಎಂದು ಡಬ್ಬಕ್ಕೆ ತಿಳಿಸುವ ಪುಟ್ಟ ಗುಂಡಿಯನ್ನು ಪೆನ್ನಿನ ಕ್ಯಾಪಿನಿಂದ ಒತ್ತಿಡುವುದು. ಮುಚ್ಚಿದೆ ಎಂದುಕೊಂಡು ಅದು ತಿರುಗಲು ಶುರುಮಾಡುತ್ತದೆ. ಮೊದಲು ಗಾಲ್ಫ್ ಹಾಕುವುದು. ಡಬ್ಬ ಅಸಲನ್ನು ನೋಡಿ ಸಮಾಧಾನಪಟ್ಟು ವೇಗ ತಗ್ಗಿಸುವ ಆ ಒಂದು ಕ್ಷಣದಲ್ಲಿ, ತಿರುಗುತ್ತಿರುವ ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ, ಅದೇ ಉಸಿರಿನಲ್ಲಿ ಕಳ್ಳ ಡಿಸ್ಕನ್ನು ಕೂರಿಸುವುದು. ನನಗೆ ಅದು ಒಮ್ಮೆಯೂ ಬರಲಿಲ್ಲ. "ಅಂಗಲ್ಲ ಕಣೋ, ಇಂಗೆ" ಎಂದು ಭಾವ ನೂರು ಸಲ ತೋರಿಸಿದ್ದರು. ಕೆಲಸ ಸಿಕ್ಕಮೇಲೆ, ಬಾರದ ವಿದ್ಯೆಯನ್ನು ನಾನು ಅನ್ಯಾಯ ಎಂದು ಕರೆದೆ. ಹಬ್ಬಕ್ಕೆ ಹೋದಾಗಲೆಲ್ಲ, ಒಬ್ಬಟ್ಟು ಬಾಯಲ್ಲಿಟ್ಟುಕೊಂಡೇ, ಇದು ಕಳ್ಳತನ ಭಾವ ಎಂದು ಉಪದೇಶ ಮಾಡುತ್ತಿದ್ದೆ. ಅವರು ಇನ್ನೊಂದು ಒಬ್ಬಟ್ಟು ಬಡಿಸಲು ಹೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಭಾವನಿಗೆ ಸ್ಟ್ರೋಕ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಮಾತೂ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಬೆರಳು ಆಡಿಸಿದಷ್ಟೂ ಸರಿಹೋಗುತ್ತದೆ, ಸುಮ್ಮನೆ ಬಿಟ್ಟರೆ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹಳದಿ ರಬ್ಬರ್ ಚೆಂಡೊಂದನ್ನು ಕೊಟ್ಟು ಕಳಿಸಿದ್ದರು. ಅಕ್ಕ ಫೋನ್ ಮಾಡಿ ಅತ್ತಳು. "ಕೈನ ತೊಡೆ ಮೇಲಿಟ್ಕೊಂಡು ಕೂತ್ಬಿಟ್ಟವ್ರೆ ಕಣೋ. ಚೆಂಡು ಹಿಸುಕ್ರಿ ಅಂದ್ರೆ ಎಡಗೈಲಿ ನಾಯಿಗೆ ಎಸೀತಾರೆ. ನಾನೇನ್ ಮಾಡ್ಲಿ ಹೇಳು."

ನನಗೆ ಮಹಾ ಐಡಿಯಾ ಹೊಳೆಯಿತು. ಹೊಸ ಗೇಮ್ ಡಬ್ಬ, ಅದಕ್ಕೆ ಸೀಲು ಒಡೆಯದ ಒರಿಜಿನಲ್ ಕಾರ್ ರೇಸ್ ಡಿಸ್ಕ್, ಎರಡನ್ನೂ ಹೊತ್ತು ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿಗೆ ಹೋದೆ. ಭಾವ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಆ ಕೈ ತೊಡೆಯ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಅದರಿಂದ ಕಣ್ಣು ಕಿತ್ತು, ಎಂದಿನಂತೆ, ಒರಿಜಿನಲ್ಲಿನ ಮಹಿಮೆ ಕೊಚ್ಚಿಕೊಂಡೆ. ಡಿಸ್ಕ್ ಹಾಕಿದೆ. ಟಿವಿಯಲ್ಲಿ ಒಂದು ಗೆರೆ ಮೂಡಿತು. ಡೌನ್‌ಲೋಡ್, ಇನ್ನು ಮೂವತ್ತೊಂದು ಗಂಟೆ. ಆ ಮನೆಯಲ್ಲಿ ಇಂಟರ್‌ನೆಟ್ ಎಂದರೆ ನನ್ನ ಫೋನಿನದೇ.

"ಮತ್ತೆ ಡಿಸ್ಕಲ್ಲಿ ಏನೈತೋ?" ಎಂದರು ಭಾವ.

"ಆಟ ಪೂರ್ತಿ ಇರಲ್ಲ ಭಾವ. ನಾವು ಒರಿಜಿನಲ್ ತಗೊಂಡಿದೀವಿ ಅಂತ ಡಬ್ಬಕ್ಕೆ ತೋರ್ಸಕ್ಕೆ, ಅಷ್ಟೆ. ಮಿಕ್ಕಿದ್ದು ಕಂಪನಿ ಕಳಿಸ್ಬೇಕು."

ಭಾವ ಆ ಗೆರೆಯನ್ನೇ ನೋಡಿದರು. "ಅಂದ್ರೆ ನಮ್ ಗಾಲ್ಫ್ ಇದ್ದಂಗೆ."

ಹದಿನೇಳು ವರ್ಷ ನಾನು ಕಳ್ಳತನ ಎಂದು ಹಳಿದ ಉಪಾಯವನ್ನು ಕಂಪನಿಯೇ ಕಲಿತು, ಹೊಳೆಯುವ ಡಬ್ಬಿಯಲ್ಲಿಟ್ಟು, ನನಗೇ ಮಾರಿತ್ತು. ಅದಕ್ಕೆ ನಾನು ಗಾಜಿನ ಕಪಾಟು ಮಾಡಿಸಿದ್ದೆ! ನಾಳೆ ಕಂಪನಿ ಆ ಮಿಕ್ಕಿದ್ದನ್ನು ಕಳಿಸುವುದನ್ನು ನಿಲ್ಲಿಸಿದರೆ ನನ್ನ ಕಪಾಟಿನಲ್ಲಿ ಉಳಿಯುವುದು ಆಟವಲ್ಲ, ಆಟದ ಆಧಾರ್ ಕಾರ್ಡು. ಫುಟ್‌ಪಾತಿನವನಾದರೂ ಕಾರು ಎಂದು ಹೇಳಿ ಕುಸ್ತಿ ಕೊಡುತ್ತಿದ್ದ. ಇವರು ಅದನ್ನೂ ಕೊಡಲಿಲ್ಲ.

"ಅಟ್ಟದ ಮೇಲೆ ಹಳೇದೈತೆ, ಇಳ್ಸು" ಎಂದರು ಭಾವ. ಇಳಿಸಿದೆ. ಧೂಳು ಒರೆಸಿ, ಮೂರು ಬಣ್ಣದ ವಯರನ್ನು ಟಿವಿಯ ಬೆನ್ನಿಗೆ ಚುಚ್ಚಿದೆ. ಡಿಸ್ಕುಗಳ ರಾಶಿಯಿಂದ ಅವರು ಎಡಗೈಯಲ್ಲಿ ಒಂದನ್ನು ಎತ್ತಿಕೊಟ್ಟರು. "ಓಡ್ತದೆ" ಎಂದು ಬರೆದಿತ್ತು. ಪೆನ್ನಿನ ಕ್ಯಾಪ್ ಇಟ್ಟು, ಗಾಲ್ಫ್ ಹಾಕಿದೆ. ಈಗ ಬದಲಿಸುವ ಕೈ ಬೇಕು. ನಾವಿಬ್ಬರೂ ಒಂದೇ ಸಲ ಅವರ ತೊಡೆಯ ಕಡೆ ನೋಡಿದೆವು. ಆಮೇಲೆ ಅವರು ನನ್ನನ್ನು ನೋಡಿದರು.

ಮೊದಲ ಸಲ ಡಿಸ್ಕ್ ಹಾರಿ ಸೋಫಾದ ಕೆಳಗೆ ಹೋಯಿತು. ಎರಡನೆಯ ಸಲ ನನ್ನ ಉಗುರು ತಾಗಿ ಡಬ್ಬ ನಿಂತೇಹೋಯಿತು. ದಾಖಲೆ ಪರಿಶೀಲಕ ಮಹಾಶಯ ನೆಲದ ಮೇಲೆ ಮಂಡಿಯೂರಿ ಬೆವರುತ್ತಿದ್ದ. ಮೂರನೆಯ ಸಲ ಭಾವನಿಗೆ ತಡೆಯಲಾಗಲಿಲ್ಲ. "ಅಂಗಲ್ಲ ಕಣೋ ದಡ್ಡ, ಇಂಗೆ!" ಎಂದು ಮುಂದೆ ಬಾಗಿದರು. ತೋರಿಸಲು ಮೇಲೆದ್ದದ್ದು ಬಲಗೈ. ತೊಡೆಯಿಂದ ಒಂದು ಗೇಣೂ ಏಳಲಿಲ್ಲ, ಎರಡು ಬೆರಳು ಮಾತ್ರ ಗಾಳಿಯಲ್ಲಿ ಏನನ್ನೋ ಹಿಡಿದು ಬಿಟ್ಟವು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಕ್ಕ ಅದನ್ನು ನೋಡಿದಳು.

ಐದನೆಯ ಸಲ ಕಳ್ಳ ಡಿಸ್ಕ್ ಕೂತಿತು. ಭಾವನ ಬಲ ಹೆಬ್ಬೆರಳನ್ನು ಆಡುವ ರಿಮೋಟಿನ ವೇಗದ ಗುಂಡಿಯ ಮೇಲೆ ನಾನೇ ಇಟ್ಟೆ. ಕಾರು ಒಂದಿಷ್ಟು ಓಡುತ್ತಿತ್ತು, ನಿಲ್ಲುತ್ತಿತ್ತು, ಗೋಡೆಗೆ ಗುದ್ದುತ್ತಿತ್ತು. ಉಳಿದ ಕಾರುಗಳೆಲ್ಲ ರೇಸು ಮುಗಿಸಿ ಹೋದಮೇಲೂ ಅದು ಓಡುತ್ತಲೇ ಇತ್ತು. ಸಾರು ಆರಿತು. ಊಟಕ್ಕೆ ಏಳಿ ಎಂದು ಅಕ್ಕ ಕರೆಯಲಿಲ್ಲ.

ಹೊರಡುವಾಗ ಭಾವ ನನ್ನ ಹೊಸ ಡಿಸ್ಕನ್ನು ಕೇಳಿ ಪಡೆದು, "ಮಾರ್ಕರ್ ಕೊಡೇ" ಎಂದು ಅಕ್ಕನಿಗೆ ಹೇಳಿದರು. ನನ್ನ ಒರಿಜಿನಲ್ಲಿನ ಮೇಲೆ ಬೇರೆಯವರ ಬೆರಳಚ್ಚು ಬಿದ್ದರೂ ನಾನು ರೇಗುತ್ತಿದ್ದೆ. ಅವತ್ತು ಡಿಸ್ಕ್ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಬಲಗೈಯಲ್ಲಿ ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅದರ ಹೊಳೆಯುವ ಮುಖದ ತುಂಬ, ನಡುಗಿ ನಡುಗಿ ಸೊಟ್ಟಗಾದ ಮೂರು ಅಕ್ಷರ: "ಓಡಲ್ಲ."

ಆಸ್ಪತ್ರೆಯಿಂದ ಬಂದಮೇಲೆ ಆ ಕೈ ಬರೆದ ಮೊದಲ ಮಾತು ಅದು. ಗಾಜಿನ ಕಪಾಟಿನಲ್ಲಿ ಈಗ ಅದೊಂದೇ ಡಿಸ್ಕ್ ಇದೆ. ಬಂದವರು ಕೇಳಿದರೆ, ಇದು ಮಾತ್ರ ಅಸಲು ಎನ್ನುತ್ತೇನೆ.