ಹೆಲಿಕಾಪ್ಟರ್ ದಾಟುವವರೆಗೆ

ಮೊರಿತಾ ಸಾನ್ ಮಾತಾಡುತ್ತಿರುವಾಗ ಮೇಲೆ ಹೆಲಿಕಾಪ್ಟರ್ ಬಂದರೆ ಮಾತು ನಿಲ್ಲಿಸಿ ತೋರುಬೆರಳು ಎತ್ತುತ್ತಿದ್ದರು. ತಲೆಯೆತ್ತಿ ನೋಡುತ್ತಿರಲಿಲ್ಲ, ಮುಖ ಸಿಂಡರಿಸುತ್ತಲೂ ಇರಲಿಲ್ಲ. ಸದ್ದು ಹೆಂಚಿನ ಮೇಲೆ ಹಾದು, ಕಿಟಕಿಯ ಗಾಜನ್ನು ಗಡಗಡ ಅನ್ನಿಸಿ, ದೂರವಾಗುವ ತನಕ ಆ ಬೆರಳು ಹಾಗೇ ನಿಂತಿರುತ್ತಿತ್ತು. ಆಮೇಲೆ ಬೆರಳು ಇಳಿಸಿ, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ, ಪದದ ಮಧ್ಯದಿಂದಲೇ ಶುರುಮಾಡುವರು. ನಾನು ಕಷ್ಟಪಟ್ಟು ನಗು ತಡೆದುಕೊಳ್ಳುತ್ತಿದ್ದೆ. ಇದೇನೋ ಇವರ ವ್ರತ ಇರಬೇಕು ಅಂದುಕೊಂಡಿದ್ದೆ.

ಒಮ್ಮೆ ಕೇಳಿಯೇಬಿಟ್ಟೆ. "ಅವರ ಯಂತ್ರದ ಜೊತೆ ಕೂಗಾಡಿ ಗಂಟಲು ಕೆಡಿಸ್ಕೊಳ್ಳೋಕೆ ನಂಗೇನು ಹುಚ್ಚಾ, ಓಕುಸಾನ್? ಅವರು ದಾಟಿ ಹೋಗ್ತಾರೆ. ನಾನು ಇಲ್ಲೇ ಇರ್ತೀನಿ" ಎಂದರು. ಓಕುಸಾನ್ ಎಂದರೆ ಗೃಹಿಣಿಯನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರು ಆಡಿದ್ದೆಲ್ಲ ಜಪಾನಿಯಲ್ಲಿ. ನನಗೆ ಮಾತ್ರ ನೆನಪಿರುವುದು ನಮ್ಮ ಕನ್ನಡದಲ್ಲಿ, ಅದೂ ನಮ್ಮ ಮೈಸೂರಿನ ಕೇರಿಯ ಹೆಂಗಸರ ದನಿಯಲ್ಲಿ.

ಟೋಕಿಯೋ ಹತ್ತಿರದ ಸಗಮಿಹಾರಾದಲ್ಲಿ ನಮ್ಮ ಮನೆಯ ಒಂದು ದಿಕ್ಕಿಗೆ ಬಾಹ್ಯಾಕಾಶ ಸಂಶೋಧನೆಯ ಕ್ಯಾಂಪಸ್. ನನ್ನ ಗಂಡ ಸುಧೀರ ಅಲ್ಲಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯವನು. ಇನ್ನೊಂದು ದಿಕ್ಕಿಗೆ, ರೈಲು ಹಳಿಯ ಪಕ್ಕದಲ್ಲಿ, ಉದ್ದಕ್ಕೂ ತಂತಿಬೇಲಿ ಹಾಕಿದ ಅಮೆರಿಕನ್ ಸೇನೆಯ ಡಿಪೋ. ಹೆಲಿಕಾಪ್ಟರುಗಳೂ ಆ ಸೇನೆಯವೇ. ಇವೆರಡರ ನಡುವೆ ಮೊರಿತಾ ಸಾನ್ ಅವರ ಎರಡಂತಸ್ತಿನ ಹಳೇ ಮನೆ. ಕೆಳಗೆ ಅವರೊಬ್ಬರೇ, ಎಂಬತ್ತರ ಹತ್ತಿರದ ಹೆಂಗಸು. ಮೇಲೆ ಬಾಡಿಗೆಗೆ ನಾವು ಮೂವರು, ನಾನು, ಸುಧೀರ, ಮಗಳು ಅನು.

ಬಂದ ಹೊಸದರಲ್ಲಿ ನನಗೆ ಜಪಾನಿ ಬರುತ್ತಿರಲಿಲ್ಲ. ಕೊಂಬಿನಿ ಅನ್ನುವ ದಿನಸಿ ಅಂಗಡಿಯ ಹುಡುಗಿ ಏನು ಕೇಳಿದರೂ, ಪೋಸ್ಟಿನವನು ಏನು ಹೇಳಿದರೂ "ಹಾಯ್, ಹಾಯ್" ಎಂದು ತಲೆಯಾಡಿಸುವುದೊಂದೇ ಗೊತ್ತಿದ್ದದ್ದು. ಇಲ್ಲಿ ಹಾಯ್ ಎಂದರೆ ಹೌದು. ಹೀಗೆ ತಲೆಯಾಡಿಸಿ ಆಡಿಸಿ ಒಂದು ಸಂಜೆ ಬೀದಿಯ ಸಭೆಯಲ್ಲಿ ಇಡೀ ವರ್ಷದ ಕಸದ ಕಟ್ಟೆಯ ಉಸ್ತುವಾರಿ ನನ್ನ ತಲೆಗೆ ಬಂತು. ಬುಧವಾರ ಪ್ಲಾಸ್ಟಿಕ್ಕು, ಶುಕ್ರವಾರ ಗಾಜು, ಕಾಗೆ ಕೆದಕದಂತೆ ಮೇಲೆ ಬಲೆ. ಮರುದಿನ ಬೆಳಗ್ಗೆ ಮೊರಿತಾ ಸಾನ್ ಪೊರಕೆ ಹಿಡಿದು ನನ್ನ ಜೊತೆ ಬಂದು ನಿಂತರು. ಕೈಸನ್ನೆಯಲ್ಲೇ ನನ್ನ ತಲೆಯಾಡಿಸುವಿಕೆಯನ್ನು ಅಣಕಿಸಿ ತೋರಿಸಿದರು. ಆಮೇಲೆ ಭಾಷೆ ಬಂದಂತೆಲ್ಲ ಅದನ್ನೇ ನೂರು ಸಲ ಹೇಳಿದ್ದಾರೆ: "ಅರ್ಥ ಆಗದೆ ಇದ್ರೆ ತಲೆ ಆಡಿಸಬೇಡಿ, ಓಕುಸಾನ್. ಈ ದೇಶ ಹಾಳಾಗಿದ್ದೇ ಹಾಗೆ."

ನಾಲಿಗೆ ಹರಿತ, ಕೈ ಧಾರಾಳ. ನನ್ನ ಒಗ್ಗರಣೆಯ ಇಂಗಿನ ವಾಸನೆಗೆ ಮೊದಲ ದಿನ ಗ್ಯಾಸ್ ಸೋರುತ್ತಿದೆಯೆಂದು ಓಡಿ ಬಂದವರು, ಆರು ತಿಂಗಳಾಗುವಷ್ಟರಲ್ಲಿ ಬಟ್ಟಲು ಹಿಡಿದು ಬಂದು ಸಾರು ಕೇಳುತ್ತಿದ್ದರು. ಅನು ಅವರನ್ನು ಒಬಾಚಾನ್, ಅಜ್ಜಿ, ಎನ್ನುತ್ತಿದ್ದಳು. ನನ್ನ ಜೊತೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವರ ಜೊತೆ ಮಾತ್ರ ಜಪಾನಿಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ. ಸುಧೀರನ ಸ್ನೇಹಿತರು ನಾಲ್ಕು ಜನ, ಬಿಸಿಬೇಳೆಬಾತು, ಟೀವಿಯಲ್ಲಿ ಎಂದಿನಂತೆ ಯಾವುದೋ ಊರಿನ ಮೇಲೆ ಬೀಳುತ್ತಿದ್ದ ಬಾಂಬು. ನಮ್ಮ ಗಂಡಸರಿಗೆ ಇದು ಉಪ್ಪಿನಕಾಯಿ ಇದ್ದಹಾಗೆ, ಇದಿಲ್ಲದೆ ಊಟ ಇಳಿಯುವುದಿಲ್ಲ. ಅಮೆರಿಕ ಅಲ್ಲಿಗೆ ಹೋಗಿದ್ದು ಸರಿ ಎಂದು ಇಬ್ಬರು, ಎಣ್ಣೆಗಾಗಿ ಹೋಗಿದ್ದು ಎಂದು ಇಬ್ಬರು. ಪ್ರಸನ್ನ ಎನ್ನುವವನು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದ ಮೊರಿತಾ ಸಾನ್ ಕಡೆ ತಿರುಗಿದ.

"ಇಲ್ಲೇ ಪ್ರೂಫ್ ಕೂತಿದೆಯಲ್ರೋ! ಅನು ಪುಟ್ಟಾ, ಕೇಳು ಅಜ್ಜೀನ. ಅಮೆರಿಕದವರು ಬಂದದ್ದಕ್ಕೆ ತಾನೇ ಜಪಾನ್ ಉದ್ಧಾರ ಆಗಿದ್ದು?"

ಅನು ಕೇಳಿದಳು. ಮೊರಿತಾ ಸಾನ್ ಚಮಚ ಕೆಳಗಿಟ್ಟರು.

"ನಿಜ. ನಮ್ಮಮ್ಮ ಮದುವೆ ಆದಾಗ ಹೆಂಗಸರಿಗೆ ಓಟಿರಲಿಲ್ಲ. ಅವರು ಬಂದ ಮೇಲೆ ಬಂತು. ಸ್ಕೂಲಲ್ಲಿ ಅವರ ಹಾಲಿನ ಪುಡಿ ಕುಡಿದೇ ನಾನು ಬೆಳೆದದ್ದು. ವಾಸನೆ ಹೊಡೀತಿತ್ತು, ಆದ್ರೂ ಕುಡಿದೆ." ಅನು ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಪ್ರಸನ್ನ ಗೆದ್ದವನಂತೆ ಎಲ್ಲರ ಮುಖ ನೋಡಿದ. ಮೊರಿತಾ ಸಾನ್ ಮುಂದುವರಿಸಿದರು: "ಮನೆ ಸುಟ್ಟವರೇ ಬಂದು ಮನೆ ಕಟ್ಟಿಸಿಕೊಟ್ಟರು. ಮನೆ ಚೆನ್ನಾಗೇ ಇದೆ. ಆಮೇಲೆ ಅವರಿಗೆ ಅದೇ ಅಭ್ಯಾಸ ಆಗಿಹೋಯ್ತು. ಹೋದಲ್ಲೆಲ್ಲ ಮೊದಲು ಸುಡ್ತಾರೆ. ಕಟ್ಟೋದು ಮಾತ್ರ ಮರೆತುಬಿಡ್ತಾರೆ. ಅನ್ನ ತುಂಬಾ ರುಚಿಯಾಗಿದೆ, ಇನ್ನೊಂದು ಸ್ವಲ್ಪ ಹಾಕ್ತೀರಾ?"

ಮಿಕ್ಕದ್ದನ್ನೂ ಅನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಪ್ರಸನ್ನ ನಕ್ಕ. ಬೇರೆ ಯಾರೂ ನಗಲಿಲ್ಲ.

ಅವತ್ತು ಪಾತ್ರೆ ತೊಳೆಯುವಾಗ ಒರೆಸುವ ಬಟ್ಟೆ ಹಿಡಿದು ನನ್ನ ಪಕ್ಕ ನಿಂತ ಅವರು ಕೇಳದೆಯೇ ಹೇಳಿದರು. ಅವರ ಯಜಮಾನರು ಆ ಡಿಪೋದಲ್ಲಿ ವೆಲ್ಡರ್ ಆಗಿದ್ದರು. ವಿಯೆಟ್ನಾಮಿನ ಯುದ್ಧದ ಕಾಲ. ಅಲ್ಲಿ ಏಟು ತಿಂದ ಟ್ಯಾಂಕು, ಗಾಡಿಗಳು ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ತೂತು ಮುಚ್ಚಿ, ಬಣ್ಣ ಬಳಿದು, ಮತ್ತೆ ಕಳಿಸುತ್ತಿದ್ದರು. ಊರಿನವರಿಗೆ ಇದು ಗೊತ್ತಾಗಿ, ರಿಪೇರಿಯಾದ ಟ್ಯಾಂಕುಗಳು ಹೊರಗೆ ಹೋಗದಂತೆ ಗೇಟಿನ ಮುಂದೆ ಗುಡಾರ ಹಾಕಿ ಕೂತರು. ತಿಂಗಳುಗಟ್ಟಲೆ ಕೂತರು. ಹೊಸದಾಗಿ ಮದುವೆಯಾಗಿದ್ದ ಮೊರಿತಾ ಸಾನ್ ಕೂಡ ಹೋಗಿ ಕೂತರು.

"ಬೆಳಗ್ಗೆ ಎದ್ದು ಒಂದು ಪಾತ್ರೆ ಅನ್ನ ಮಾಡ್ತಿದ್ದೆ" ಎಂದರು. "ಮೊದಲು ನಮ್ಮ ಮನೆಯವರ ಡಬ್ಬಿಗೆ. ಅವರು ಅದನ್ನ ತಗೊಂಡು ಒಳಗೆ ಟ್ಯಾಂಕ್ ರಿಪೇರಿಗೆ ಹೋಗ್ತಿದ್ರು. ಮಿಕ್ಕ ಅನ್ನದಲ್ಲಿ ಉಂಡೆ ಕಟ್ಟಿ, ಆ ಟ್ಯಾಂಕ್ ತಡೆಯೋಕೆ ಕೂತಿದ್ದವರಿಗೆ ನಾನು ತಗೊಂಡು ಹೋಗ್ತಿದ್ದೆ. ಅಕ್ಕಿ ಅವರ ಸಂಬಳದ್ದು. ಈ ಮನೇನೂ ಅದರದ್ದೇ."

"ಜಗಳ ಆಗ್ತಿರಲಿಲ್ವಾ?"

"ಆಗಿದ್ರೆ ಚೆನ್ನಾಗಿರ್ತಿತ್ತು. ಸಾಯಂಕಾಲ ಬಂದು ಸ್ನಾನ ಮಾಡಿ ಊಟ ಮಾಡಿ ಮಲಗ್ತಿದ್ರು. ಒಂದೇ ಒಂದು ಸಲ ಬಾಯಿ ಬಿಟ್ರು. ಗಾಡಿ ಒಳಗೆ ಒಂದು ಬೂಟು ಸಿಕ್ತು, ಯಾರೋ ಅಮೆರಿಕದ ಹುಡುಗಂದು, ಬೂಟು ಖಾಲಿ ಇರಲಿಲ್ಲ ಅಂದ್ರು. ಅಷ್ಟೇ. ನಾನೇನಂದೆ ಗೊತ್ತಾ? ಅಂಥ ಕೆಲಸ ಯಾಕೆ ಮಾಡ್ತೀರಿ ಅಂದೆ. ಆಮೇಲೆ ಅವರು ಯಾವತ್ತೂ ಏನೂ ಹೇಳಲಿಲ್ಲ."

ಕೆಳಗೆ ಅವರ ಮನೆಯ ಹಿಂಗೋಡೆಯಲ್ಲಿ ಕಪ್ಪು ಮರದ ಪುಟ್ಟ ಪೂಜೆಗೂಡಿತ್ತು. ಇಲ್ಲಿಯವರು ಸತ್ತವರ ಹೆಸರು ಬರೆದು ಅದರಲ್ಲಿಟ್ಟು ಪೂಜಿಸುತ್ತಾರೆ. ಒಳಗೆ ಯಜಮಾನರ ಪಟ, ದಪ್ಪ ಹುಬ್ಬು, ಯಾರೋ ಬೈಯುತ್ತಿರುವಂತೆ ತುಸು ಬಾಗಿದ ತಲೆ. ನಾವು ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಕೊನೆಯ ವಾರ ಹೆಂಡತಿಯನ್ನು ಒಂದು ಮಾತು ಕೇಳಿದರಂತೆ: "ನಾನು ಆ ಕೆಲಸ ಮಾಡಿದ್ದು ತಪ್ಪಾ?" ಇವರು ಸೇಬು ಹೆಚ್ಚುತ್ತಿದ್ದರು. "ಹಣ್ಣು ತಿನ್ನಿ" ಎಂದರಂತೆ. ಮರುದಿನವೂ ಕೇಳಿದರು. ಇವರು ಅವತ್ತೂ ಹೇಳಲಿಲ್ಲ. ಮೂರನೇ ಸಲ ಕೇಳಲು ಅವರು ಉಳಿಯಲಿಲ್ಲ.

"ತಪ್ಪಲ್ಲ ಅಂದುಬಿಟ್ಟಿದ್ರೆ ಏನಾಗ್ತಿತ್ತು?" ಎಂದೆ ನಾನು. ಸಾಯುವವನಿಗೆ ಒಂದು ಸುಳ್ಳು ಹೇಳಲು ಇಷ್ಟು ಜಿಪುಣತನವೇ ಅನ್ನಿಸಿತ್ತು.

"ಸುಳ್ಳು ಹೇಳಿದ್ರೆ ಅವರಿಗೆ ಗೊತ್ತಾಗ್ತಿತ್ತು. ನಿಜ ಹೇಳೋಣ ಅಂದ್ರೆ, ಅದರ ಅನ್ನ ನಾನೂ ತಿಂದಿದ್ದೀನಿ." ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು.

ಮರುವರ್ಷ ಅನುವಿನ ಶಾಲೆಯಲ್ಲಿ ಚರ್ಚಾಸ್ಪರ್ಧೆ. ಟೋಕಿಯೋದ ಇಂಗ್ಲಿಷ್ ಶಾಲೆ, ನಾನಾ ದೇಶದ ಮಕ್ಕಳು. ಅಮೆರಿಕ ಹೊರದೇಶಗಳಲ್ಲಿ ಸೈನ್ಯ ಇಳಿಸಿದ್ದು ನ್ಯಾಯವೇ ಎಂಬುದು ವಿಷಯ. ಯಾರು ಯಾವ ಕಡೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಾರಂತೆ. ಅನುವಿಗೆ 'ನ್ಯಾಯ' ಬಂತು.

"ನಿಂಗೇನನ್ಸುತ್ತೇ?" ಎಂದು ಕೇಳಿದೆ.

"ಅಮ್ಮಾ, ಇಟ್ಸ್ ಜಸ್ಟ್ ಎ ಸೈಡ್" ಎಂದಳು, ನನಗೆ ಬುದ್ಧಿ ಹೇಳುವವಳಂತೆ.

ಗೆದ್ದಳು. ಬಹುಮಾನ ಅಂದರೆ ನಮ್ಮ ಜನಕ್ಕೆ ಗೊತ್ತಲ್ಲ, ವಿಷಯ ಯಾವುದಾದರೇನು, ಸುಧೀರ ಊರಿನ ಗ್ರೂಪಿಗೆಲ್ಲ ಫೋಟೋ ಕಳಿಸಿದ. ನಾನು ಕೇಸರಿಬಾತು ಮಾಡಿ ಕೆಳಗೆ ತೆಗೆದುಕೊಂಡು ಹೋದೆ. ಅನು ಗೆದ್ದ ಕಪ್ಪು ಹಿಡಿದು ಹಿಂದೆ ಬಂದಳು. ಏನಂತ ಮಾತಾಡಿ ಗೆದ್ದೆ ಎಂದು ಮೊರಿತಾ ಸಾನ್ ಕೇಳಿದರು. ಅವಳು ಹೇಳಿದಳು. ಇದನ್ನು ಇವರ ಮನೆಗೆ ಸಿಹಿ ಸಮೇತ ತಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಅವರಿಗೆ ಸಿಟ್ಟು ಬರಲಿಲ್ಲ. ಕಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಅನು-ಚಾನ್, ಆ ಭಾಷಣ ಜಪಾನಿಯಲ್ಲಿ ಹೇಳೋಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ನಮ್ಮ ಮನೆಯವರಿಗೆ ಹೇಳು. ನನ್ನ ಬಾಯಲ್ಲಿ ಅದು ಬರಲಿಲ್ಲ."

ಪೂಜೆಗೂಡಿನ ಬಾಗಿಲು ತೆರೆದು ಊದುಬತ್ತಿ ಹಚ್ಚಿದರು. ಅನು ಚಾಪೆಯ ಮೇಲೆ ಮೊಣಕಾಲೂರಿ ಕೂತು, ಪಟಕ್ಕೆ ತಲೆಬಾಗಿ, ಹದಿನಾಲ್ಕು ವರ್ಷದ ಸ್ಪಷ್ಟ ದನಿಯಲ್ಲಿ ಶುರುಮಾಡಿದಳು. ಕ್ರೂರಿಗಳನ್ನು ಯಾರಾದರೂ ತಡೆಯಲೇಬೇಕಲ್ಲವೇ ಎಂದಳು. ನೆರೆಯವನ ಮನೆಯಲ್ಲಿ ಕೊಲೆ ನಡೆಯುವಾಗ ಬಾಗಿಲು ಹಾಕಿಕೊಂಡು ಕೂರುವುದು ಶಾಂತಿಯಲ್ಲ ಎಂದಳು. ಕೊರಿಯಾದ ಅರ್ಧ ಉಳಿಯಿತು ಎಂದಳು. ಎಲ್ಲೆಲ್ಲಿ ಹುಡುಗಿಯರಿಗೆ ಶಾಲೆಯ ಬಾಗಿಲು ತೆರೆಯಿತು ಎಂದು ಹೆಸರು ಹಿಡಿದು ಹೇಳಿದಳು. ನಡುವೆ ಹೆಲಿಕಾಪ್ಟರ್ ಬಂತು. ನನ್ನ ಮಗಳು ಮಾತು ನಿಲ್ಲಿಸಿ, ತೋರುಬೆರಳು ಎತ್ತಿ ಕೂತಳು. ಪಕ್ಕದಲ್ಲಿ ಮೊರಿತಾ ಸಾನ್ ಕೂಡ. ಅದು ದಾಟಿದ ಮೇಲೆ ಅವಳು ಪದದ ಮಧ್ಯದಿಂದಲೇ ಮುಂದುವರಿಸಿ, ಪಟದ ಮುಖ ನೋಡಿಕೊಂಡೇ ಮುಗಿಸಿದಳು: "ಆದ್ದರಿಂದ ಅದು ನ್ಯಾಯವಾಗಿತ್ತು."

ಮೊರಿತಾ ಸಾನ್ ಪಟಕ್ಕೆ ಹೇಳಿದರು: "ಕೇಳಿಸ್ತಾ? ಇನ್ನು ಮಲಗಿ."

ಅನುವಿಗೆ ಉತ್ಸಾಹ ಹೆಚ್ಚಾಗಿತ್ತು. "ಒಬಾಚಾನ್, ಮುಂದಿನ ರೌಂಡಲ್ಲಿ ನಂಗೆ ಅಪೋಸಿಟ್ ಸೈಡ್. ಅದನ್ನೂ ಇವರಿಗೆ ಹೇಳ್ಲಾ?"

"ಬೇಡ ಮಗೂ. ಅದನ್ನ ಅವರು ಕೇಳಿದ್ದಾರೆ. ನಾನು ಬಾಯಿ ಬಿಡದೇನೇ, ನಲವತ್ತು ವರ್ಷ ದಿನಾ ಊಟದ ಜೊತೆ ಕೇಳಿದ್ದಾರೆ."

ಮೇಲೆ ಬಂದು ನಾನು ಅತ್ತೆ. ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಯಾವುದೋ ರಾಜಧಾನಿಯಲ್ಲಿ ಟೈ ಕಟ್ಟಿದವರು ಟ್ಯಾಂಕು ಕಳಿಸುತ್ತಾರೆ. ಅದು ನ್ಯಾಯವೋ ಅನ್ಯಾಯವೋ ಎಂದು ಅವರನ್ನು ಯಾರೂ ಸಾಯುವ ಹಾಸಿಗೆಯಲ್ಲಿ ಕೇಳುವುದಿಲ್ಲ, ಅವರೂ ಕೇಳಿಕೊಳ್ಳುವುದಿಲ್ಲ. ಅದರ ತೂತು ಮುಚ್ಚಿದ ಒಬ್ಬ ವೆಲ್ಡರನಿಗೆ ಆ ಪ್ರಶ್ನೆ ಬರುತ್ತದೆ, ಅವನ ಹೆಂಡತಿಯ ಕೈಯಲ್ಲಿ ಸೇಬು ಇರುತ್ತದೆ. ಕೊನೆಗೆ ಅವನಿಗೆ ಸಿಕ್ಕ ಸಮಾಧಾನ ಯಾವುದು? ನಾಣ್ಯ ಹಾಗೆ ಬಿದ್ದದ್ದಕ್ಕೆ ನನ್ನ ಮಗಳು ಬಾಯಿಪಾಠ ಮಾಡಿದ್ದು. ಸುಧೀರನಿಗೆ ಹೇಳಿದೆ. "ಪಾಪ" ಎಂದು ಟೀವಿಯ ಸದ್ದು ಕಡಿಮೆ ಮಾಡಿದ.

ಅನು ಮುಂದಿನ ಸುತ್ತನ್ನೂ ಗೆದ್ದಳು. ಆ ಕಪ್ಪನ್ನು ನಾನು ಕೆಳಗೆ ಒಯ್ಯಲಿಲ್ಲ.

ಅದೇ ಚಳಿಗಾಲದಲ್ಲಿ ಮೊರಿತಾ ಸಾನ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಕ್ಕಳಿರಲಿಲ್ಲ. ತಮ್ಮನ ಮಗನೊಬ್ಬ ಬಂದು ಅವರನ್ನು ಊರಾಚೆಯ ವೃದ್ಧರ ಆರೈಕೆಯ ಮನೆಗೆ ಸೇರಿಸಿದ. ಮನೆ ಮಾರಾಟವಾಯಿತು. ಈಗ ಅಲ್ಲಿ ಕಾರು ನಿಲ್ಲಿಸುವ ಜಾಗ. ನಾವು ಟೋಕಿಯೋದ ಇನ್ನೊಂದು ಪಕ್ಕ, ನಮ್ಮ ದೇಶದವರು ಹೆಚ್ಚಿರುವ ಗ್ಯೋಟೋಕುವಿಗೆ ಬಂದೆವು. ಇಲ್ಲಿ ಇಂಗು ಮಾರುವ ಅಂಗಡಿಯೇ ಇದೆ, ಅದನ್ನು ಗ್ಯಾಸು ಅಂದುಕೊಂಡು ಓಡಿ ಬರುವವರು ಯಾರೂ ಇಲ್ಲ.

ಕಳೆದ ವಸಂತದಲ್ಲಿ ಅವರನ್ನು ನೋಡಲು ಹೋದೆ. ಕಿಟಕಿಯ ಪಕ್ಕದ ಹಾಸಿಗೆ, ತಲೆದಿಂಬಿನ ಬಳಿ ಯಜಮಾನರ ಪಟ. ಕಿವಿ ಪೂರ್ತಿ ಹೋಗಿದೆ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಕಿವಿಗೆ ಮೆಷಿನ್ ಹಾಕಿದರೆ ಕಿತ್ತೆಸೆಯುತ್ತಾರೆ ಎಂದು ಅಲ್ಲಿಯ ಹುಡುಗಿ ಹೇಳಿದಳು. ನನ್ನ ಗುರುತು ಹಿಡಿದರು. ಅನು ಹೇಗಿದ್ದಾಳೆ ಎಂದರು. ಎರಡು ಕಡೆಯೂ ಗೆದ್ದಳು ಎಂದು ತುಟಿ ಬಿಡಿಸಿ ಹೇಳಿದೆ.

"ಎರಡೂ ಕಡೆನಾ?" ಎಂದು ನಕ್ಕರು. ಹಾಗೇ ನನ್ನ ಕೈ ಹಿಡಿದುಕೊಂಡರು. "ಇಲ್ಲಿ ಮಲಗಿ ಮಲಗಿ ಯೋಚನೆ ಮಾಡಿದ್ದೀನಿ, ಓಕುಸಾನ್. ಅವರು ಅವತ್ತು ಕೇಳಿದಾಗ ನಾನು ಹೇಳಬೇಕಾಗಿದ್ದದ್ದು ಏನು ಅಂದ್ರೆ..."

ಕಿಟಕಿಯ ಗಾಜು ನಡುಗಿತು. ಹೆಲಿಕಾಪ್ಟರ್ ಒಂದಲ್ಲ, ಸಾಲಾಗಿ ಬಂದವು. ನಾನು ಅವರ ಬೆರಳು ನೋಡಿದೆ. ಅದು ಏಳಲಿಲ್ಲ. ಅವರಿಗೆ ಸದ್ದು ಕೇಳಿಸಲೇ ಇಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಂಡು ಹೇಳುತ್ತಲೇ ಇದ್ದರು. ನನಗೆ ಕಂಡದ್ದು ತುಟಿ ಮಾತ್ರ, ಅದನ್ನು ಓದಲು ನನಗೆ ಬರುವುದಿಲ್ಲ. ಕೊನೆಯ ಹೆಲಿಕಾಪ್ಟರ್ ದಾಟುವಷ್ಟರಲ್ಲಿ ಅವರು ಹೇಳಿ ಮುಗಿಸಿದ್ದರು. ಬಹಳ ವರ್ಷದ ಭಾರ ಇಳಿಸಿದವರಂತೆ ಉಸಿರು ಬಿಟ್ಟು ನನ್ನನ್ನು ನೋಡಿದರು.

"ಅಲ್ವಾ, ಓಕುಸಾನ್?"

ಇನ್ನೊಮ್ಮೆ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. "ಹಾಯ್" ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರು. ಯಾವುದಕ್ಕೆ ಹೌದೆಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.